ಕೆರೆಯ ಮೇಲೆ ಬೆಳೆದ ಕಾಡು

ಮರಳು ಬಂದ ಕಡೆ ಹಿಮ್ಮುಖವಾಗಿ ನಡೆಯಿರಿ. ಬೆನ್ನು ಮುಂದೆ, ಮುಖ ಹಿಂದೆ. ನಾಳೆ ಯಾರಾದರೂ ಜಾಡು ಹಿಡಿದು ಬಂದರೆ, ಈ ಇಬ್ಬರು ಅತ್ತಲಿಂದ ಇತ್ತ ಬಂದಿದ್ದಾರೆ ಎಂದುಕೊಳ್ಳಬೇಕು. ಕಲ್ಲು ಸಿಕ್ಕರೆ ಕಲ್ಲಿನ ಮೇಲೆ, ಗಟ್ಟಿ ನೆಲ ಸಿಕ್ಕರೆ ಗಟ್ಟಿ ನೆಲದ ಮೇಲೆ. ಹೆಗಲಲ್ಲಿ ಅಕ್ಕಿಯ ಗಂಟು, ಒಣಗಿಸಿದ ಜಿಂಕೆ ಮಾಂಸ, ಮುಳ್ಳು ಚುಚ್ಚದಂತೆ ಕಾಲಿಗೆ ಜೋಡು ಮಾಡಿಕೊಳ್ಳಲು ಜಿಂಕೆಯ ಚರ್ಮ. ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಸಣ್ಣ ಕೊಡಲಿ. ಎಡಬಲಕ್ಕೆ ಮುಳ್ಳುಪೊದೆ ಎಷ್ಟು ಒತ್ತಾಗಿದೆಯೆಂದರೆ ಹೊಳೆಯ ಪಾತ್ರವನ್ನು ಬಿಟ್ಟು ಬೇರೆ ದಾರಿಯೇ ಇಲ್ಲ. ನೀರಿನಲ್ಲಿ ಮೊಸಳೆಗಳಿವೆ. ರಾತ್ರಿ ಆನೆ ಬರುತ್ತದೆ, ಬೆಂಕಿ ಆರಬಾರದು.

ಇದು 1679ರ ಅಕ್ಟೋಬರ್. ಹೊಳೆಯ ಹೆಸರು ಮಲ್ವತು ಓಯ, ದೇಶ ಶ್ರೀಲಂಕಾ. ನಿಮ್ಮ ಮುಂದೆ ನಡೆಯುತ್ತಿರುವವನು ರಾಬರ್ಟ್ ನಾಕ್ಸ್. ಕ್ಯಾಂಡಿಯ ದೊರೆ ಎರಡನೆಯ ರಾಜಸಿಂಹನ ಸೆರೆಯಲ್ಲಿ ಹತ್ತೊಂಬತ್ತು ವರ್ಷ ಕಳೆದು, ಸ್ಟೀಫನ್ ರಟ್‌ಲೆಂಡ್ ಎಂಬ ಜೊತೆಗಾರನೊಂದಿಗೆ ಡಚ್ಚರ ಕೋಟೆಯಿರುವ ಅರಿಪ್ಪುವಿನತ್ತ ಓಡುತ್ತಿದ್ದಾನೆ. ಇಬ್ಬರೂ ಮೆಣಸು, ಬೆಳ್ಳುಳ್ಳಿ, ಬಾಚಣಿಗೆ, ಕಬ್ಬಿಣದ ಸಾಮಾನು ಹೊತ್ತು ವರ್ಷಗಟ್ಟಲೆ ಉತ್ತರದ ಹಳ್ಳಿಗಳಲ್ಲಿ ವ್ಯಾಪಾರ ಮಾಡಿದ್ದರ ಒಳಗುಟ್ಟು ಇದೇ ದಾರಿಯನ್ನು ಕಂಡುಕೊಳ್ಳುವುದಾಗಿತ್ತು.

ನಾನು ಶ್ರೀಲಂಕಾವನ್ನು ಹೊಕ್ಕದ್ದು ಈ ಹೊಳೆಯಿಂದ. 1681ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ನಾಕ್ಸ್‌ನ ಪುಸ್ತಕ ಆ ದ್ವೀಪಕ್ಕೆ ಅತ್ಯುತ್ತಮ ಹೆಬ್ಬಾಗಿಲು ಎಂದು ಈಗಲೂ ಯಾರಿಗಾದರೂ ಹೇಳುತ್ತೇನೆ. ಪ್ರವಾಸಿಗಳ ಕೈಪಿಡಿಗಳು ಪ್ರಾಣಿಗಳನ್ನು ಒಂದು ಅಧ್ಯಾಯದಲ್ಲಿ, ದೇವಸ್ಥಾನಗಳನ್ನು ಇನ್ನೊಂದರಲ್ಲಿ ಇಡುತ್ತವೆ. ನಾಕ್ಸ್‌ಗೆ ಆ ವಿಂಗಡಣೆ ಗೊತ್ತಿರಲಿಲ್ಲ. ಅವನು ಬದುಕಬೇಕಾಗಿತ್ತು. ಟೋಪಿ ಹೆಣೆದು ಮಾರಿದ, ಭತ್ತವನ್ನು ಬಡ್ಡಿಗೆ ಕೊಟ್ಟ, ಮನೆ ಕಟ್ಟಿಕೊಂಡ. ಹಾಗಾಗಿ ಇರುವೆ, ಗದ್ದೆ, ದೇವರು, ದೊರೆ ಎಲ್ಲವೂ ಅವನ ಪುಟಗಳಲ್ಲಿ ಒಂದೇ ಅಂಗಳದಲ್ಲಿ ಓಡಾಡುತ್ತವೆ.

ಅವನೊಂದಿಗೆ ಮಳೆಗಾಲದ ಕ್ಯಾಂಡಿ ಬೆಟ್ಟ ಹತ್ತಿ ನೋಡಿ. ತರಗೆಲೆಯೊಳಗಿಂದ ಉಂಬಳಗಳು ಏಳುತ್ತವೆ, ನಿಂತರೆ ಸಾಕು, ಕಾಲಿಗೆ ಹತ್ತುತ್ತವೆ. ಜೊತೆಯಲ್ಲಿರುವ ಹಳ್ಳಿಯವರ ಕೈಯಲ್ಲಿ ಕೋಲು. ಅದರ ತುದಿಗೆ ನಿಂಬೆ ಮತ್ತು ಉಪ್ಪು ಕಟ್ಟಿದ ಬಟ್ಟೆ. ನಾಲ್ಕು ಹೆಜ್ಜೆಗೊಮ್ಮೆ ಕಣಕಾಲಿಗೆ ಅದನ್ನು ತಾಗಿಸಿಕೊಳ್ಳುತ್ತಾರೆ, ಉಂಬಳ ಉದುರುತ್ತದೆ. ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಳೆ ಜೋರಾದಾಗ ಒಬ್ಬ ಶ್ರೀತಾಳೆಯ ಗರಿ ಬಿಚ್ಚುತ್ತಾನೆ. ಮಡಿಸಿದ್ದಾಗ ಕೋಲಿನಂತಿದ್ದದ್ದು ಬಿಚ್ಚಿದಾಗ ಹತ್ತಾರು ಜನರ ತಲೆ ಮುಚ್ಚುವ ಚಾವಣಿ. ಮರದ ಮೇಲೆ ಎಲೆಗಳನ್ನು ಸೇರಿಸಿ ಮನುಷ್ಯರ ತಲೆಯಷ್ಟು ದೊಡ್ಡ ಗೂಡು ಕಟ್ಟಿರುವ ಕೆಂಪಿರುವೆ, ನಮ್ಮ ಚಗಳಿಯ ಬಳಗ. ಕಿವಿಯಿಂದ ಕಿವಿಗೆ ಬಿಳಿ ಗಡ್ಡ ಸುತ್ತಿಕೊಂಡ ಮುಸುವ ಕೊಂಬೆಯಿಂದ ಇಣುಕುತ್ತದೆ. ನಾಕ್ಸ್ ಇವನ್ನೆಲ್ಲ ಹೆಸರು ಸಮೇತ, ಊರವರು ಕರೆಯುವ ಹಾಗೆಯೇ ಬರೆದಿಟ್ಟ.

ಅದೇ ಪುಸ್ತಕದ ಇನ್ನೊಂದು ಪುಟವನ್ನು ಓದುವಾಗ ಕೈ ತಾನಾಗಿ ನಿಲ್ಲುತ್ತದೆ. 1661ರ ಫೆಬ್ರವರಿ. ಜ್ವರ ಹಿಡಿದು ನಾಕ್ಸ್‌ನ ತಂದೆ ತೀರಿಕೊಂಡಿದ್ದಾನೆ. ಮಗನಿಗೆ ಇನ್ನೂ ಇಪ್ಪತ್ತರ ಆಸುಪಾಸು, ಅವನಿಗೂ ಜ್ವರ. ಹೂಳಲು ನೆರವು ಕೇಳಿದರೆ ಊರವರು ಒಂದು ಹಗ್ಗ ತಂದುಕೊಡುತ್ತಾರೆ, ಕುತ್ತಿಗೆಗೆ ಕಟ್ಟಿ ಕಾಡಿಗೆ ಎಳೆದೊಯ್ಯಲಿ ಎಂದು. ಕೊನೆಗೆ ಸೇವಕ ಹುಡುಗನೊಬ್ಬನ ಜೊತೆ ಸೇರಿ ತಾನೇ ಗುಂಡಿ ತೋಡುತ್ತಾನೆ. ಇಷ್ಟಾದ ಮೇಲೂ ಆ ಜನರ ಕಣಗಳ ಕಟ್ಟುಪಾಡು, ಮದುವೆ, ಮಾತಿನ ಸೊಗಸನ್ನು ಅಷ್ಟು ನ್ಯಾಯವಾಗಿ ಬರೆಯಲು ಅವನಿಗೆ ಹೇಗೆ ಸಾಧ್ಯವಾಯಿತು? ಈ ಬರಹಗಾರನ ಮೇಲೆ ನನಗಿರುವ ಗೌರವ ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು.

ಈಗ ಮತ್ತೆ ಹೊಳೆಗೆ ಬನ್ನಿ. ಅನುರಾಧಪುರದ ಸುತ್ತಿನ ಕಾಡಿನಲ್ಲಿ ಕಾಲಿಗೆ ಕಲ್ಲು ತಾಗುತ್ತದೆ. ತಾನಾಗಿ ಬಿದ್ದ ಕಲ್ಲಲ್ಲ, ಉಳಿಯಿಂದ ಕಡೆದದ್ದು. ತಲೆಯೆತ್ತಿದರೆ ಕಂಬಗಳು, ಒಂದರ ಹಿಂದೆ ಒಂದು, ಮರಗಳ ನಡುವೆ ಮರಗಳಂತೆ. ನಾಕ್ಸ್ ಅವನ್ನು ನೋಡುತ್ತಾನೆ, ಬೆರಗಾಗುತ್ತಾನೆ, ಮುಂದೆ ನಡೆಯುತ್ತಾನೆ. ಅವನಿಗೆ ನಿಲ್ಲಲು ಸಮಯವಿಲ್ಲ. ನಿಮಗಿದೆ. ಇಲ್ಲಿಯೇ ಈ ದೇಶದ ಕೀಲಿ ಇದೆ.

ಶ್ರೀಲಂಕಾದ ಉತ್ತರಕ್ಕೂ ಪೂರ್ವಕ್ಕೂ ಹಬ್ಬಿರುವ ಒಣಸೀಮೆಯ ಕಾಡು ಆದಿಕಾಲದಿಂದ ಮುಟ್ಟದೆ ಉಳಿದ ಕಾಡಲ್ಲ. ಅದರಲ್ಲಿ ಬಹುಪಾಲು ಒಂದು ಕಾಲಕ್ಕೆ ಗದ್ದೆ, ಕೆರೆ, ಊರು. ಐದನೆಯ ಶತಮಾನದಲ್ಲಿ ಧಾತುಸೇನ ಕಟ್ಟಿಸಿದ ಕಾಲಾವೆವ ಕೆರೆಯಿಂದ ಅನುರಾಧಪುರಕ್ಕೆ ಹೋಗುವ ಜಯಗಂಗಾ ಕಾಲುವೆಯ ಉದ್ದ ಸುಮಾರು 87 ಕಿಲೋಮೀಟರ್. ಅದರ ಮೊದಲ 17 ಮೈಲಿಯಲ್ಲಿ ಇಳಿಜಾರು ಮೈಲಿಗೆ ಬರೀ ಆರು ಅಂಗುಲ. ಅದರ ಏರಿಯ ಮೇಲೆ ನಿಂತರೆ ನೀರು ಹರಿಯುತ್ತಿದೆಯೋ ನಿಂತಿದೆಯೋ ಕಣ್ಣಿಗೆ ಗೊತ್ತಾಗದು; ಒಂದು ಒಣ ಎಲೆ ಹಾಕಿ ನೋಡಬೇಕು. ಧಾತುಸೇನನ ಕಥೆ ಚೂಳವಂಸ ಎಂಬ ಹಳೆಯ ವಂಶಚರಿತ್ರೆಯಲ್ಲಿ ಬರುತ್ತದೆ. ಸಿಂಹಾಸನ ಕಸಿದುಕೊಂಡ ಮಗ ಕಾಶ್ಯಪ, ನಿಧಿ ಎಲ್ಲಿದೆ ತೋರಿಸು ಎಂದು ಪೀಡಿಸುತ್ತಾನೆ. ಮುದುಕ ಕಾಲಾವೆವಕ್ಕೆ ಹೋಗಿ ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಆಸ್ತಿಯೆಲ್ಲ ಇಷ್ಟೇ ಎನ್ನುತ್ತಾನೆ. ಮಗ ಅವನನ್ನು ಕೊಲ್ಲಿಸಿ ಸಿಗಿರಿಯ ಬಂಡೆಯ ಮೇಲೆ ಅರಮನೆ ಕಟ್ಟುತ್ತಾನೆ. ಸೂಳೆಕೆರೆಯ ಏರಿಯ ಮೇಲೆ ನಿಂತು ನೀರು ನೋಡಿದವರಿಗೆ ಆ ಬೊಗಸೆಯ ತೂಕ ತಿಳಿಯುತ್ತದೆ.

ಹದಿಮೂರನೆಯ ಶತಮಾನದ ದಾಳಿಗಳಲ್ಲಿ ಆ ವ್ಯವಸ್ಥೆ ಕುಸಿಯಿತು. ಏರಿ ಒಡೆದರೆ ಕಟ್ಟುವವರಿಲ್ಲ. ನಿಂತ ನೀರಿನಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ. ಜನ ತೆಂಕಣಕ್ಕೆ, ತಂಪುಸೀಮೆಗೆ ಇಳಿದರು. ಗದ್ದೆಯಲ್ಲಿ ಮರ ಹುಟ್ಟಿತು, ಕೆರೆಯಂಗಳಕ್ಕೆ ಆನೆ ಬಂತು.

ಆದ್ದರಿಂದ ಈ ದೇಶದಲ್ಲಿ ಕಾಡಿನ ಬಗ್ಗೆ ಬರೆಯಹೊರಟವರೆಲ್ಲ ತಿಳಿದೋ ತಿಳಿಯದೆಯೋ ನಾಗರಿಕತೆಯ ಬಗ್ಗೆ ಬರೆದಿದ್ದಾರೆ. ಪುರಾತತ್ವ ಇಲಾಖೆಯಲ್ಲಿ ಎಚ್. ಸಿ. ಪಿ. ಬೆಲ್‌ಗೆ ಸಹಾಯಕನಾಗಿ 1902ರಲ್ಲಿ ಸೇರಿದ ಜಾನ್ ಸ್ಟಿಲ್‌ನ ಜೊತೆ ಒಂದು ದಿನ ನಡೆಯಿರಿ. ಹಕ್ಕಿ ನೋಡುತ್ತ ಹೋಗುವವನು ದಿಬ್ಬ ಕಂಡರೆ ನಿಲ್ಲುತ್ತಾನೆ: ಇದು ದಿಬ್ಬವೋ, ಬೇರು ಹೊದ್ದ ಸ್ತೂಪವೋ? ಸಿಗಿರಿಯದ ಪಶ್ಚಿಮ ಮುಖವನ್ನು ಕೆಳಗಿನಿಂದ ನೋಡುತ್ತ, ಈಗ ಉಳಿದಿರುವ ಕೆಲವೇ ಸುಂದರಿಯರ ಚಿತ್ರಗಳಲ್ಲ, ಇಡೀ ಬಂಡೆಯೇ ಒಂದು ಕಾಲಕ್ಕೆ ಚಿತ್ರಮಯವಾಗಿದ್ದಿರಬೇಕೆಂದು 1907ರಲ್ಲಿ ಬರೆದವನು ಅವನೇ. 1930ರಲ್ಲಿ ಬಂದ ಅವನ ಪುಸ್ತಕದ ಹೆಸರು ‘ದಿ ಜಂಗಲ್ ಟೈಡ್’. ಉಬ್ಬರದ ಅಲೆಯಂತೆ ಊರಿನ ಮೇಲೆ ಏರಿ ಬಂದ ಕಾಡು.

ಆ ಏರುವಿಕೆಯನ್ನು ಒಂದು ಗುಡಿಸಲಿನ ಒಳಗಿನಿಂದ ನೋಡಬೇಕಾದರೆ ಹಂಬಂತೋಟಕ್ಕೆ ಹೋಗಬೇಕು. ಲಿಯೊನಾರ್ಡ್ ವೂಲ್ಫ್ ಅಲ್ಲಿ 1908ರಿಂದ 1911ರವರೆಗೆ ಅಧಿಕಾರಿ. ಉಪ್ಪಿನ ಕೊಯ್ಲಿನ ಉಸ್ತುವಾರಿ, ದನಗಳ ರೋಗ, ಕೋರ್ಟು ಕಚೇರಿ ಎಂದು ಜಿಲ್ಲೆಯನ್ನೆಲ್ಲ ತಿರುಗಿದ ಮನುಷ್ಯ ಕೆಲಸ ಬಿಟ್ಟು ಬರೆದ ಕಾದಂಬರಿ ‘ದಿ ವಿಲೇಜ್ ಇನ್ ದಿ ಜಂಗಲ್’, 1913ರದ್ದು. ಬೆದ್ದಗಾಮ ಎಂಬ ಊರು. ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಚೆಲ್ಲುವ ಜನ. ನಮ್ಮ ಪಶ್ಚಿಮ ಘಟ್ಟದಲ್ಲಿ ಕುಮರಿ ಎಂದು ಕರೆದದ್ದು ಇದನ್ನೇ. ಬೇಟೆಗಾರ ಸಿಲಿಂದು, ಅವನ ಅವಳಿ ಹೆಣ್ಣುಮಕ್ಕಳು. ಊರ ಮುಖಂಡನ ಹಗೆ ಮತ್ತು ಸಾಲ ಸೇರಿ ಆ ಮನೆಯನ್ನು ನುಂಗುತ್ತವೆ. ಮಗಳು ಹಿನ್ನಿಹಾಮಿ ಒಂದು ಜಿಂಕೆಮರಿಗೆ ಎದೆಹಾಲು ಕೊಟ್ಟು ಸಾಕುತ್ತಾಳೆ; ಊರವರು ಅದನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ. ಒಬ್ಬೊಬ್ಬರಾಗಿ ಜನ ಹೋಗುತ್ತಾರೆ, ಒಂದೊಂದೇ ಗುಡಿಸಲು ಬೀಳುತ್ತದೆ, ಕೊನೆಗೆ ಇನ್ನೊಬ್ಬ ಮಗಳು ಪುಂಚಿ ಮೆನಿಕಾ ಮಾತ್ರ. ಅವಳ ಅಂಗಳದಲ್ಲಿ ಪೊದೆ ಮೊಳೆಯುತ್ತದೆ. ಆಳುವವರ ಕುರ್ಚಿಯಲ್ಲಿ ಕೂತಿದ್ದವನು ಆಳಿಸಿಕೊಂಡವರ ಹಸಿವನ್ನು ಇಷ್ಟು ಒಳಹೊಕ್ಕು ಬರೆದ ಇನ್ನೊಂದು ಕಾದಂಬರಿ ನನಗೆ ನೆನಪಾಗುವುದಿಲ್ಲ. ಸಿಂಹಳದ ದೊಡ್ಡ ನಿರ್ದೇಶಕ ಲೆಸ್ಟರ್ ಜೇಮ್ಸ್ ಪೀರಿಸ್ 1980ರಲ್ಲಿ ಅದನ್ನು ಸಿನಿಮಾ ಮಾಡಿದರು.

ಇಷ್ಟು ಓದಿದ ಮೇಲೆ ಹಕ್ಕಿಗಳ ಪುಸ್ತಕ ತೆಗೆಯಿರಿ, ಆಗ ಅದರ ರುಚಿಯೇ ಬೇರೆ. ಜಿ. ಎಂ. ಹೆನ್ರಿ ಅಲ್ಲೇ ಹುಟ್ಟಿದವರು, ಕೊಲಂಬೊ ಮ್ಯೂಸಿಯಂನಲ್ಲಿ ಚಿತ್ರಕಾರರಾಗಿ ದುಡಿದವರು. 1955ರ ಅವರ ಹಕ್ಕಿ ಕೈಪಿಡಿಯ ಚಿತ್ರಗಳೆಲ್ಲ ಅವರದೇ ಕೈಯವು. ಗುಬ್ಬಿಯಷ್ಟು ದೊಡ್ಡ, ತಲೆಕೆಳಗಾಗಿ ನೇತಾಡಿ ನಿದ್ದೆ ಮಾಡುವ ಗಿಳಿ ನಮ್ಮ ಘಟ್ಟದಲ್ಲೂ ಇದೆ. ಅಲ್ಲಿಯದಕ್ಕೆ ನೆತ್ತಿಯೂ ಕೆಂಪು. ನಮ್ಮ ಕಾಡುಕೋಳಿ ಬೂದು. ಅವರ ಹುಂಜ ಕಿತ್ತಳೆಗೆಂಪು, ಕೆಂಪು ಜುಟ್ಟಿನ ನಡುವೆ ಹಳದಿ ಮಚ್ಚೆ. ಒಂದೇ ಮನೆಯಿಂದ ಬೇರೆಯಾದ ಅಣ್ಣತಮ್ಮಂದಿರ ಮುಖಚಹರೆ ನೋಡುವ ಸಂತೋಷ ಅದು. ಮತ್ತೆ ರಾತ್ರಿ ಕಾಡಿನಲ್ಲಿ ಹೆಂಗಸು ಚೀರಿದಂತೆ ಕೂಗುವ ಉಲಮಾ, ದೆವ್ವದ ಹಕ್ಕಿ. ಗಂಡ ಮಗುವನ್ನು ಕೊಂದು ಸಾರು ಮಾಡಿ ಬಡಿಸಿದ. ತಟ್ಟೆಯಲ್ಲಿ ಪುಟ್ಟ ಬೆರಳು ಕಂಡ ತಾಯಿ ಹುಚ್ಚಾಗಿ ಕಾಡಿಗೆ ಓಡಿದಳು. ಆ ಕೂಗು ಅವಳದೇ ಎನ್ನುತ್ತಾರೆ. ಕೂಗುವುದು ಯಾವ ಹಕ್ಕಿ ಎಂದು ಪಕ್ಷಿತಜ್ಞರು ದಶಕಗಳ ಕಾಲ ವಾದಿಸಿದ್ದಾರೆ, ದೊಡ್ಡ ಕಾಡುಗೂಬೆಯೇ ಇರಬೇಕೆಂಬ ಕಡೆಗೆ ಒಲವು ಹೆಚ್ಚು. ಕಥೆ ಗೊತ್ತಿದ್ದವರಿಗೆ ಗೂಬೆ ಎಂದು ಹೇಳಿದರೂ ಮೈ ಜುಮ್ಮೆನ್ನುವುದು ತಪ್ಪುವುದಿಲ್ಲ. ಹಕ್ಕಿಗಳ ಪಟ್ಟಿ ಮುಗಿದೇಹೋಗಿದೆ ಎಂದು ಎಲ್ಲರೂ ಅಂದುಕೊಂಡಿದ್ದಾಗ ದೀಪಲ್ ವರಕಗೊಡ 1995ರಲ್ಲಿ ಕಿತುಲ್ಗಲದ ಕಾಡಿನಲ್ಲಿ ಗುರುತು ಸಿಗದ ಒಂದು ಸಣ್ಣ ಕೂಗು ಕೇಳಿಸಿಕೊಂಡರು. ಆ ಪುಟ್ಟ ಗೂಬೆ ಕಣ್ಣಿಗೆ ಬಿದ್ದದ್ದು 2001ರಲ್ಲಿ, ಸಿಂಹರಾಜದಲ್ಲಿ. ಪ್ಲೈವುಡ್ಡಿಗಾಗಿ ಕಡಿಯುತ್ತಿದ್ದ ಆ ಮಳೆಕಾಡನ್ನು 1977ರಲ್ಲಿ ಕೊಡಲಿಯಿಂದ ಉಳಿಸಿರದಿದ್ದರೆ? ಉಳಿಸಲು ಹೋರಾಡಿದ ಥಿಲೊ ಹಾಫ್‌ಮನ್ ಅವರ ಹೆಸರನ್ನೇ ಗೂಬೆಗೆ ಇಟ್ಟರು.

ಈ ಕಾಡುಗಳಲ್ಲೇ ಬೇಟೆಯಾಡಿ ಬದುಕಿದ ಆದಿವಾಸಿಗಳಾದ ವೆದ್ದರ ಬಗ್ಗೆ ಸೆಲಿಗ್ಮನ್ ದಂಪತಿ 1911ರಲ್ಲಿ ಬರೆದ ದೊಡ್ಡ ಗ್ರಂಥ ಕಷ್ಟದ ಓದು. ಆದರೆ ಬಳ್ಳಿಯ ಏಣಿ ಇಳಿಬಿಟ್ಟು ಬಂಡೆಯ ಹೆಜ್ಜೇನು ಕೀಳುವ ಭಾಗವನ್ನು ಬಿಡಬೇಡಿ. ಮಾದುರು ಓಯ ರಾಷ್ಟ್ರೀಯ ಉದ್ಯಾನ 1983ರಲ್ಲಿ ಆದಾಗ ಅದೇ ಜನರಿಗೆ ಅವರ ಬೇಟೆಯ ಕಾಡು ಮುಚ್ಚಿತು. ನಾಗರಹೊಳೆಯ ಜೇನುಕುರುಬರ ಹಾಡಿಗಳನ್ನು ಬಲ್ಲ ಕನ್ನಡಿಗರಿಗೆ ಈ ನೋವು ಹೊಸತಲ್ಲ.

ಇನ್ನೊಂದು ಕಡೆ ನಿಮ್ಮನ್ನು ಕರೆದೊಯ್ಯದೆ ಬಿಡಲಾರೆ: ಬೆಳಗಿನ ಜಾವದ ಒಂದು ವಿಹಾರ. ಬಾಗಿಲು ಹಾಕಿದೆ. ಒಳಗೆ ಬುದ್ಧನ ವಿಗ್ರಹ ಪೂರ್ಣವಾಗಿದೆ, ಕಣ್ಣೊಂದು ಬಿಟ್ಟು. ಶಿಲ್ಪಿ ವಿಗ್ರಹಕ್ಕೆ ಬೆನ್ನು ಹಾಕಿ ಏಣಿಯ ಮೇಲೆ ನಿಂತಿದ್ದಾನೆ. ಕೈಯಲ್ಲಿ ಕುಂಚ, ಎದುರಿಗೆ ಕನ್ನಡಿ. ಮುಹೂರ್ತ ಬಂದ ಕ್ಷಣಕ್ಕೆ ಕನ್ನಡಿಯನ್ನು ನೋಡುತ್ತ, ಹೆಗಲ ಮೇಲಿಂದ ಕೈ ಚಾಚಿ ಕಣ್ಣು ಬರೆಯುತ್ತಾನೆ. ಬುದ್ಧನ ಮೊದಲ ನೋಟವನ್ನು ನೇರವಾಗಿ ಎದುರಿಸುವ ಶಕ್ತಿ ಮನುಷ್ಯರಿಗಿಲ್ಲ. ಕೆಲಸ ಮುಗಿದ ಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ಕರೆತರುತ್ತಾರೆ. ಬಟ್ಟೆ ಬಿಚ್ಚಿದಾಗ ಮೊದಲು ನೋಡಿದ್ದನ್ನು, ನೀರಿನ ಕೊಡವನ್ನೋ ಮತ್ತೊಂದನ್ನೋ, ಕತ್ತಿಯಿಂದ ಸೀಳುತ್ತಾನೆ. ನಮ್ಮ ದೇವಾಲಯಗಳ ನೇತ್ರೋನ್ಮೀಲನಕ್ಕೆ ಹತ್ತಿರದ ಸಂಸ್ಕಾರ. ಇದನ್ನು ಆನಂದ ಕುಮಾರಸ್ವಾಮಿ ತಮ್ಮ ‘ಮೀಡಿಯೀವಲ್ ಸಿಂಹಳೀಸ್ ಆರ್ಟ್’ನಲ್ಲಿ ದಾಖಲಿಸಿದ್ದಾರೆ. ಖನಿಜ ಹುಡುಕುತ್ತ ಹಳ್ಳಿಹಳ್ಳಿ ಸುತ್ತಿದ ಭೂವಿಜ್ಞಾನಿ ಕುಶಲಕರ್ಮಿಗಳ ಅಂಗಳದಲ್ಲಿ ಕೂತು ಕಲೆಯ ವಿದ್ವಾಂಸರಾದರು. 1908ರಲ್ಲಿ ಆ ಪುಸ್ತಕವನ್ನು ತಮ್ಮ ಕಣ್ಣೆದುರೇ ಕೈಮುದ್ರಣದಲ್ಲಿ ಅಚ್ಚು ಹಾಕಿಸಿದರು, ಬರೀ 425 ಪ್ರತಿ. ಕಣ್ಣು ಬರೆಯುವ ಮುನ್ನ ದೇವರ ವಿಗ್ರಹ ಕಮ್ಮಟದ ಮೂಲೆಯಲ್ಲಿ ಬರೀ ಲೋಹದ ಮುದ್ದೆಯಾಗಿ ಉರುಳಾಡುತ್ತಿರುತ್ತದೆ ಎಂದು ನಾಕ್ಸ್ ಇನ್ನೂರು ವರ್ಷಕ್ಕೂ ಹಿಂದೆಯೇ ಗಮನಿಸಿದ್ದ.

ಇವರಲ್ಲಿ ಹೆಚ್ಚಿನವರು ಹೊರಗಿನವರು, ಬರೆದದ್ದು ಇಂಗ್ಲಿಷಿನಲ್ಲಿ. ಅಲ್ಲಿಗೇ ನಿಂತರೆ ಓದು ಅರ್ಧ. ಮಾರ್ಟಿನ್ ವಿಕ್ರಮಸಿಂಘೆ ಅವರ ‘ಮಡೊಲ್ ದೂವ’ವನ್ನು ಕೈಗೆತ್ತಿಕೊಳ್ಳಿ. 1947ರಲ್ಲಿ ಸಿಂಹಳದಲ್ಲಿ ಬಂದ ಮಕ್ಕಳ ಕಾದಂಬರಿ, ದೊಡ್ಡವರದೂ ಹೌದು. ದಕ್ಷಿಣ ತೀರದ ಕೊಗ್ಗಲ ಸರೋವರ, ಕಾಂಡ್ಲಾಗಿಡಗಳ ಬೇರು ನೀರಿಗಿಳಿದಿರುವ ದಂಡೆ, ನಡುವೆ ಯಾರೂ ಇಲ್ಲದ ಒಂದು ನಡುಗಡ್ಡೆ. ದೆವ್ವವಿದೆ ಎಂದು ಊರವರು ಅತ್ತ ಹಾಯುವುದಿಲ್ಲ. ಮನೆ ಬಿಟ್ಟು ಬಂದ ಉಪಾಲಿ ಮತ್ತು ಜಿನ್ನ ಆ ದ್ವೀಪದಲ್ಲೇ ಇರಲು ಹೊರಟಿದ್ದಾರೆ. ಅವರ ದೋಣಿಯಲ್ಲಿ ನಿಮಗೂ ಜಾಗವಿದೆ, ಹತ್ತಿಕೊಳ್ಳಿ. ಇವರಿಬ್ಬರಿಗೆ ಕಾಡು ಓದುವ ವಿಷಯವಲ್ಲ. ಎಲ್ಲಿ ಪೊದೆ ಸವರಬೇಕು, ಎಲ್ಲಿ ತರಕಾರಿ ಬರುತ್ತದೆ, ಹೇಗೆ ಬದುಕು ಕಟ್ಟಬೇಕು ಎಂಬುದೇ ಅವರ ಮಾತು. ದಡ ಬಂತು. ಜಿನ್ನ ಮೊದಲು ಹಾರಿ ದೋಣಿಯನ್ನು ಎಳೆಯುತ್ತಿದ್ದಾನೆ, ನೀವೂ ಒಂದು ಕೈ ಹಚ್ಚಿ.