ಹೆಸರು ಕಾಯುವವರ ಹೆಸರು

1991ರಲ್ಲಿ ಬಂದ ‘ಹಮ್’ ಚಿತ್ರದ ‘ಜುಮ್ಮಾ ಚುಮ್ಮಾ’ ಹಾಡನ್ನು ಕೇಳದವರು ನಮ್ಮಲ್ಲಿ ಕಡಿಮೆ. ಅದಕ್ಕೆ ಒಂದು ವರ್ಷ ಮೊದಲು ‘ಥಾನೇದಾರ್’ ಚಿತ್ರದ ‘ತಮ್ಮಾ ತಮ್ಮಾ ಲೋಗೆ’ ಬಂದಿತ್ತು. ಮದುವೆ ಮನೆಯ ಮೈಕು, ಬಸ್ಸಿನ ಟೇಪ್ ರೆಕಾರ್ಡರ್, ಚಹಾದಂಗಡಿ ಎಲ್ಲೆಲ್ಲೂ ಅವೇ ಹಾಡುಗಳು. ಈ ಎರಡರ ಹಿಂದೆಯೂ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಗಾಯಕ ಮೋರಿ ಕಾಂಟೆಯವರ ‘ತಾಮಾ’ ಎಂಬ ಹಾಡಿನ ನೆರಳಿದೆ. ಅದು 1987ರ ಅವರ ‘ಅಕ್ವಾಬಾ ಬೀಚ್’ ಎಂಬ ಆಲ್ಬಮಿನಲ್ಲಿತ್ತು. ಆ ರಾಗಕ್ಕೆ ಕುಣಿದವರಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತಿತ್ತು?

ಇದರಲ್ಲಿ ಒಂದು ವಿಪರ್ಯಾಸವಿದೆ. 2020ರಲ್ಲಿ ತೀರಿಕೊಂಡ ಮೋರಿ ಕಾಂಟೆ ಹುಟ್ಟಿದ್ದು ಗ್ರಿಯೋ ಮನೆತನದಲ್ಲಿ. ಗ್ರಿಯೋಗಳೆಂದರೆ ವಂಶಪಾರಂಪರ್ಯವಾಗಿ ಹಾಡುವವರು, ಕಥೆ ಹೇಳುವವರು. ಇತರರ ಹೆಸರನ್ನು ತಲೆಮಾರುಗಳ ಕಾಲ ನೆನಪಿನಲ್ಲಿಟ್ಟು ಕಾಯುವುದೇ ಅವರ ಕುಲಕಸುಬು. ಊರಿನವರ ಹೆಸರನ್ನೆಲ್ಲ ಉಳಿಸಿದವರ ಹಾಡು ಸಮುದ್ರ ದಾಟಿ ಬಂತು, ಅವರ ಹೆಸರು ಮಾತ್ರ ಆಚೆ ದಡದಲ್ಲೇ ಉಳಿಯಿತು.

ಆ ಹೆಸರುಗಳು ನಮಗೆ ದೊರೆತದ್ದು ಸಂಕಲನಗಳಿಂದ. ಆಗ ನಾವು ಮೂವರು ಗೆಳೆಯರು ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನಮ್ಮಲ್ಲೊಬ್ಬನ ಅಣ್ಣ ದುಬೈಯಿಂದ ರಜೆಯಲ್ಲಿ ಬಂದಾಗ ಖರ್ಜೂರ, ಅತ್ತರುಗಳ ಜೊತೆಗೆ ಒಂದು ಸೀಡಿಯನ್ನೂ ತಂದಿದ್ದರು. ಪಶ್ಚಿಮ ಆಫ್ರಿಕಾದ ಹಲವು ಗಾಯಕರ ಒಂದೊಂದು ಹಾಡನ್ನು ಆರಿಸಿ ಜೋಡಿಸಿದ ಸಂಕಲನವದು. ಆ ಮೇಲೆ ಅಂಥ ಇನ್ನೂ ಕೆಲವು ನಮ್ಮ ಕೈಸೇರಿದವು. 1987ರಲ್ಲಿ ಲಂಡನಿನ ಕೆಲವು ಸಣ್ಣ ರೆಕಾರ್ಡ್ ಕಂಪೆನಿಗಳವರು ಸಭೆ ಸೇರಿ, ಅಂಗಡಿಯ ಕಪಾಟಿನಲ್ಲಿ ಜಾಗ ಸಿಗಲೆಂದು ‘ವರ್ಲ್ಡ್ ಮ್ಯೂಸಿಕ್’ ಎಂಬ ಹೆಸರನ್ನು ಆರಿಸಿಕೊಂಡಿದ್ದರು. ‘ರಫ್ ಗೈಡ್’, ‘ಪುಟುಮಾಯೊ’ ಮುಂತಾದ ಸಂಕಲನ ಮಾಲೆಗಳು ಆ ಕಪಾಟನ್ನು ತುಂಬಿದವು. ವ್ಯಾಪಾರಕ್ಕಾಗಿ ಹುಟ್ಟಿದ ಹೆಸರೇ ಇರಬಹುದು. ಆದರೆ ಆ ಸೀಡಿಗಳೊಳಗೆ ಒಂದು ಪುಟ್ಟ ಪುಸ್ತಿಕೆ ಇರುತ್ತಿತ್ತು. ಹಾಡಿದವರು ಯಾರು, ಯಾವ ಊರಿನವರು, ಕೈಯಲ್ಲಿರುವ ವಾದ್ಯ ಯಾವುದು ಎಂದು ಅದರಲ್ಲಿ ನಾಲ್ಕು ಸಾಲು. ನಮ್ಮ ಪಾಲಿಗೆ ಅದೇ ಬಾಗಿಲಾಯಿತು.

ಪುಸ್ತಿಕೆ ಓದುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ಡಿಯಾಬಾಟೆ, ಕೂಯಾಟೆ, ಸಿಸೋಕೊ, ಕಾಂಟೆ. ಬೇರೆ ಬೇರೆ ದೇಶಗಳ ಗಾಯಕರು, ಅಡ್ಡಹೆಸರು ಮಾತ್ರ ಅವೇ ನಾಲ್ಕೈದು. ಗ್ಯಾಂಬಿಯಾದ ಜೊಬಾರ್ಟೆ ಎಂಬುದೂ ಡಿಯಾಬಾಟೆಯದೇ ಇನ್ನೊಂದು ರೂಪ. ಈ ಹೆಸರುಗಳ ಜಾಡು ಹಿಡಿದು ಹೊರಟ ನಾವು ಸೇರಿದ್ದು ಹದಿಮೂರನೇ ಶತಮಾನಕ್ಕೆ.

ಗ್ರಿಯೋ ಎಂಬುದು ಫ್ರೆಂಚರ ಮೂಲಕ ಲೋಕಕ್ಕೆ ಪರಿಚಯವಾದ ಪದ. ಮಾಲಿ, ಗಿನಿಯ ಮಾಂಡೆ ಜನರು ಅವರನ್ನು ಜೆಲಿ ಎನ್ನುತ್ತಾರೆ, ಗ್ಯಾಂಬಿಯಾದಲ್ಲಿ ಜಾಲಿ. ಅವರ ಭಾಷೆಯಲ್ಲಿ ರಕ್ತಕ್ಕೂ ಜೆಲಿ ಎಂದೇ ಹೆಸರು. ಮಗುವಿಗೆ ಹೆಸರಿಡುವ ದಿನ, ಮದುವೆಯ ದಿನ ಜೆಲಿ ಬಂದು ಆ ಮನೆಯ ಹಿರಿಯರ ಹೆಸರುಗಳನ್ನೂ ಅವರ ಒಳ್ಳೆಯ ಕೆಲಸಗಳನ್ನೂ ಹಾಡಬೇಕು. ಸಂಬಂಧ ಕುದುರಿಸುವಾಗ ಮಧ್ಯಸ್ಥಿಕೆ, ಮನೆತನಗಳ ನಡುವೆ ಜಗಳವಾದರೆ ಸಂಧಾನ, ಇವೂ ಅವರದೇ ಕೆಲಸ. ದೊಡ್ಡ ಮನುಷ್ಯ ತಗ್ಗಿದ ದನಿಯಲ್ಲಿ ಆಡಿದ ಮಾತನ್ನು ಸಭೆಗೆ ಗಟ್ಟಿಯಾಗಿ ಹೇಳುವವರೂ ಅವರೇ.

ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಡಿಯಾಟಾ ಕೇಟಾನಿಗೆ ಬಲ್ಲಾ ಫಸೇಕೆ ಕೂಯಾಟೆ ಎಂಬ ಜೆಲಿ ಇದ್ದ. ಸೋಸೊ ರಾಜ್ಯದ ದೊರೆ ಸುಮಾವೊರೊ ಕಾಂಟೆ ಅವನನ್ನು ತನ್ನಲ್ಲಿ ಇಟ್ಟುಕೊಂಡನೆಂದೂ, ದೊರೆಯ ಹೊರತು ಬೇರೆ ಯಾರೂ ಮುಟ್ಟಬಾರದ ಬಾಲಾಫೋನನ್ನು ಅವನು ನುಡಿಸಿದನೆಂದೂ ಕಥೆ ಹೇಳುತ್ತದೆ. ಬಾಲಾಫೋನ್ ಎಂದರೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಕೆಳಗೆ ಸೋರೆಬುರುಡೆ ಕಟ್ಟಿ ಬಡಿದು ನುಡಿಸುವ ವಾದ್ಯ. ಸುಮಾರು 1235ರಲ್ಲಿ ಕಿರಿನಾದಲ್ಲಿ ನಡೆದ ಯುದ್ಧದಲ್ಲಿ ಸುಂಡಿಯಾಟಾ ಗೆದ್ದ. ‘ಸೋಸೊ ಬಾಲಾ’ ಎಂಬ ಆ ವಾದ್ಯ ಇದೇ ಎಂದು ಜನ ನಂಬುವ ಬಾಲಾಫೋನೊಂದು ಗಿನಿಯ ನಿಯಾಗಸ್ಸೋಲಾದಲ್ಲಿ ಕೂಯಾಟೆ ಮನೆತನದವರ ಕಾವಲಿನಲ್ಲಿದೆ. 2001ರಲ್ಲಿ ಯುನೆಸ್ಕೊ ಅದರ ಸುತ್ತಣ ಪರಂಪರೆಯನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರು ಕೃತಿಗಳ ಪಟ್ಟಿಗೆ ಸೇರಿಸಿತು. ನಮ್ಮ ಸೀಡಿಯ ಪುಸ್ತಿಕೆಯಲ್ಲಿದ್ದ ‘ಕೂಯಾಟೆ’ ಎಂಬ ಮೂರಕ್ಷರಕ್ಕೆ ಇಷ್ಟು ಉದ್ದದ ಬೇರಿತ್ತು.

ಈ ಕಥೆಯ ಆರಂಭ ನಮ್ಮಂಥ ಓದುಗರಿಗೆ ಇನ್ನೂ ಹತ್ತಿರದ್ದು. ಗ್ರಿಯೋಗಳು ಸುಂಡಿಯಾಟಾನ ವಂಶವನ್ನು ಹಾಡುವಾಗ ಹಝ್ರತ್ ಬಿಲಾಲ್(ರ)ರಿಂದ ಆರಂಭಿಸುವುದುಂಟು. ಇಸ್ಲಾಮಿನ ಪ್ರಥಮ ಮುಅಝ್ಝಿನ್ ಆದ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆ ಆಫ್ರಿಕನ್ ಸಹಾಬಿಯ ಮಗನೊಬ್ಬ ಮಾಂಡೆ ನಾಡಿಗೆ ಬಂದು ನೆಲೆಸಿದನೆಂದೂ ಕೇಟಾಗಳು ಅವನ ಸಂತತಿಯೆಂದೂ ಅವರು ಹೇಳುತ್ತಾರೆ. ಗ್ರಿಯೋಗಳು ತಮ್ಮ ಮೂಲವನ್ನು ಸುರಕಾಟಾ ಎಂಬವರಿಗೆ ಒಯ್ಯುತ್ತಾರೆ. ಹಿಜ್ರಾದ ವೇಳೆ ಪ್ರವಾದಿವರ್ಯರನ್ನು(ಸ) ಹಿಡಿದೊಪ್ಪಿಸಿ ಬಹುಮಾನ ಪಡೆಯಲು ಕುದುರೆಯೇರಿ ಬೆನ್ನಟ್ಟಿದ, ಕುದುರೆಯ ಕಾಲು ಮರಳಿನಲ್ಲಿ ಹೂತಾಗ ಅಭಯ ಬೇಡಿದ, ಮುಂದೆ ಮುಸ್ಲಿಮರಾದ ಸುರಾಕಾ ಬಿನ್ ಮಾಲಿಕರ(ರ) ಕಥೆಯನ್ನು ನಾವೆಲ್ಲ ಮದ್ರಸಾದಲ್ಲಿ ಕೇಳಿದ್ದೇವೆ. ಅವರೇ ಗ್ರಿಯೋಗಳ ಸುರಕಾಟಾ. ಪ್ರವಾದಿವರ್ಯರ(ಸ) ಗುಣಗಾನವನ್ನು ಮೊದಲು ಹಾಡಿದವರು ಅವರೇ, ನಮ್ಮ ಕಸುಬು ಶುರುವಾದದ್ದು ಅಲ್ಲಿಂದ ಎಂದು ಗ್ರಿಯೋಗಳು ಹೇಳುತ್ತಾರೆ. ಇತಿಹಾಸಕಾರರು ಈ ವಂಶಾವಳಿಗಳನ್ನು ದಾಖಲೆಯೆಂದು ಒಪ್ಪುವುದಿಲ್ಲ. ಆದರೆ ಒಂದು ಜನಾಂಗ ತನ್ನನ್ನು ಯಾರ ಜೊತೆಗೆ ಗುರುತಿಸಿಕೊಳ್ಳಲು ಬಯಸಿತು ಎಂಬುದು ಅದರಿಂದ ತಿಳಿಯುತ್ತದೆ. ಅರಸರ ಹೆಸರು ಹೇಳುವಾಗಲೂ ಅದು ಒಬ್ಬ ಮಾಜಿ ಗುಲಾಮನನ್ನು ಮೊದಲು ನೆನೆಯಿತು.

ನಮ್ಮನ್ನು ಬಹಳ ಕಾಲ ಹಿಡಿದಿಟ್ಟದ್ದು ಕೋರಾ. ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಕತ್ತರಿಸಿ, ದನದ ಚರ್ಮ ಬಿಗಿದು, ಉದ್ದನೆಯ ಕೋಲು ಸಿಕ್ಕಿಸಿ, 21 ತಂತಿ ಕಟ್ಟಿದ ವಾದ್ಯ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳಿಂದಲೇ ನುಡಿಸುವುದು. ಒಬ್ಬರೇ ನುಡಿಸಿದರೂ ಮೂವರು ನುಡಿಸಿದಂತೆ ಕೇಳುತ್ತದೆ. ಸಂಕಲನದಲ್ಲಿ ಕೇಳಿದ ಒಂದು ತುಣುಕಿನಿಂದ ನಾವು ತೂಮಾನಿ ಡಿಯಾಬಾಟೆಯವರ ಪೂರ್ಣ ಆಲ್ಬಮುಗಳತ್ತ ಹೋದೆವು. 1988ರ ಅವರ ಮೊದಲ ಆಲ್ಬಮಿನ ಹೆಸರು ‘ಕೈರಾ’. ಅರಬಿಯ ‘ಖೈರ್’ ಎಂಬ ಪದವೇ ಅಲ್ಲಿಗೆ ಹೋಗಿ ಕೈರಾ ಆಗಿದೆ. ಅರ್ಥ ಶಾಂತಿ, ಕ್ಷೇಮ. ನಾವು ದಿನಾ ಬಳಸುವ ಪದವೊಂದು ಅಷ್ಟು ದೂರದ ತಂತಿಯ ಮೇಲೆ ಕಾದು ಕುಳಿತಿತ್ತು.

ತೂಮಾನಿಯವರ ತಂದೆ ಸಿದಿಕಿ ಡಿಯಾಬಾಟೆ ಮತ್ತು ಜೆಲಿಮಾದಿ ಸಿಸೋಕೊ ಇತರರೊಂದಿಗೆ ಸೇರಿ ನುಡಿಸಿದ ‘ಪ್ರಾಚೀನ ತಂತಿಗಳು’ ಎಂಬ ಅರ್ಥದ ರೆಕಾರ್ಡ್ 1970ರಲ್ಲಿ ಬಂದಿತ್ತು. 1997ರ ಸೆಪ್ಟೆಂಬರ್ 22ರ ರಾತ್ರಿ, ಮಾಲಿಯ ಸ್ವಾತಂತ್ರ್ಯ ದಿನದಂದು, ಬಮಾಕೊದ ಸಮ್ಮೇಳನ ಭವನದಲ್ಲಿ ಅವರಿಬ್ಬರ ಮಕ್ಕಳಾದ ತೂಮಾನಿ ಮತ್ತು ಬಲ್ಲಾಕೆ ಸಿಸೋಕೊ ಎದುರುಬದುರು ಕುಳಿತು ಒಂದೇ ರಾತ್ರಿಯಲ್ಲಿ ‘ಹೊಸ ಪ್ರಾಚೀನ ತಂತಿಗಳು’ ನುಡಿಸಿದರು. 1999ರಲ್ಲಿ ಅದು ಹೊರಬಂತು. ತಂದೆ ತನ್ನನ್ನು ಕೂರಿಸಿ ಕಲಿಸಲಿಲ್ಲ, ಕೇಳಿ ಕೇಳಿ ಕಲಿತೆ ಎಂದು ತೂಮಾನಿ ಹೇಳುತ್ತಿದ್ದರು. ತಂದೆಯಿಂದ ಮಗನಿಗೆ ಎಪ್ಪತ್ತೊಂದು ತಲೆಮಾರು ಇಳಿದು ಬಂದ ವಿದ್ಯೆ ತನ್ನದೆಂಬುದು ಆ ಮನೆತನದ ಲೆಕ್ಕ. 2024ರ ಜುಲೈ 19ರಂದು ಅವರು ಬಮಾಕೊದಲ್ಲಿ ತೀರಿಕೊಂಡರು. ಸುದ್ದಿ ತಿಳಿದ ದಿನ ನಾವು ಮೂವರೂ ಮೂರು ಊರುಗಳಲ್ಲಿದ್ದೆವು. ಫೋನಿನಲ್ಲಿ ಇನ್ನಾಲಿಲ್ಲಾಹ್ ಹೇಳಿಕೊಂಡೆವು.

ಮತ್ತೆ ಆ ಸಂಕಲನದ ಮಾತಿಗೆ ಬರೋಣ. ಒಮ್ಮೆ ರಂಝಾನ್ ರಜೆಯಲ್ಲಿ ನಾವು ಆ ಸೀಡಿಯನ್ನು ಊರಿಗೆ ಒಯ್ದಿದ್ದೆವು. ಗೆಳೆಯನ ಉಮ್ಮ ಅಡುಗೆ ಮನೆಯಿಂದಲೇ ಒಂದು ಹೆಂಗಸಿನ ಹಾಡು ಕೇಳುತ್ತಿದ್ದರು. ಹಾಡು ಮುಗಿದಾಗ, ‘‘ಆಕೆ ಯಾರನ್ನು ಕರೀತಿದ್ದಾಳೆ ಮೋನೆ?’’ ಎಂದು ಕೇಳಿದರು. ಭಾಷೆ ತಿಳಿಯದ ಅವರಿಗೆ ಅದು ಕರೆ ಎಂಬುದು ತಿಳಿದಿತ್ತು. ಗ್ರಿಯೋ ಹಾಡು ಯಾವಾಗಲೂ ಎದುರಿಗೆ ಕುಳಿತ ಯಾರನ್ನೋ ಹೆಸರು ಹಿಡಿದು ಕರೆಯುತ್ತದೆ. ನಿನ್ನ ಅಜ್ಜ ಇಂಥವನಾಗಿದ್ದ, ನೀನು ಹೇಗಿದ್ದೀಯಾ ಎಂದು ಕೇಳುತ್ತದೆ. ಕರೆಸಿಕೊಂಡವನು ಎದ್ದು ಬಂದು ಏನಾದರೂ ಕೊಡಬೇಕು, ಹಿರಿಯರಿಗೆ ತಕ್ಕವನಾಗಿ ಬಾಳಬೇಕು. ಸಂಕಲನದವರು ಒಂದು ಹಾಡನ್ನು ನಾಲ್ಕೈದು ನಿಮಿಷಕ್ಕೆ ಇಳಿಸಿ ಜೋಡಿಸುವಾಗ ಕರೆ ಉಳಿಯುತ್ತದೆ, ಕರೆಸಿಕೊಂಡವನು ಕಾಣುವುದಿಲ್ಲ. ಉಮ್ಮನ ಪ್ರಶ್ನೆಗೆ ಪುಸ್ತಿಕೆಯಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಸಂಗತಿಯೂ ಸೀಡಿಯ ಹೊದಿಕೆಯ ಮೇಲೆ ಕಾಣುವುದಿಲ್ಲ. ಮಾಲಿಯ ಸಂಗೀತ ಎಂದ ಕೂಡಲೇ ಬರುವ ಎರಡು ದೊಡ್ಡ ಹೆಸರುಗಳು ಸಲೀಫ್ ಕೇಟಾ ಮತ್ತು ಅಲಿ ಫರ್ಕಾ ಟೂರೆ. ಇಬ್ಬರೂ ಗ್ರಿಯೋಗಳಲ್ಲ. ಸಲೀಫ್ ಸುಂಡಿಯಾಟಾನ ವಂಶದವರು. ಆ ಕುಲದವರು ಹಾಡಿಸಿಕೊಳ್ಳಬೇಕೇ ವಿನಾ ಹಾಡಬಾರದು. ಹಾಡಲು ಹೊರಟ ಅವರು ಮನೆಯವರ ವಿರೋಧ ಎದುರಿಸಬೇಕಾಯಿತು. ಅಂದರೆ ಇಲ್ಲಿಯೂ ಹುಟ್ಟು ಕಸುಬನ್ನು ನಿರ್ಧರಿಸುತ್ತದೆ. ಕಮ್ಮಾರರು, ಚರ್ಮದ ಕೆಲಸದವರು, ಗ್ರಿಯೋಗಳು ಪ್ರತ್ಯೇಕ ವರ್ಗ, ಮೇಲ್ಕುಲದವರ ಜೊತೆ ಹೆಣ್ಣು ಕೊಟ್ಟು ತರುವ ಸಂಬಂಧವಿಲ್ಲ. ಗ್ರಿಯೋನ ಮಾತಿಗೆ ಅರಸನೂ ಹೆದರುತ್ತಿದ್ದ. ಆದರೆ ಸೆನೆಗಲ್‌ನ ಕೆಲವು ಕಡೆ ಹಿಂದೆ ಗ್ರಿಯೋ ಸತ್ತರೆ ಎಲ್ಲರಂತೆ ಮಣ್ಣು ಮಾಡುತ್ತಿರಲಿಲ್ಲ, ಪೊಳ್ಳಾದ ಬಾವೊಬಾಬ್ ಮರದೊಳಗೆ ಇಡುತ್ತಿದ್ದರು. ಅವನ ಮೈ ತಾಗಿದರೆ ನೆಲ ಬೆಳೆ ಕೊಡುವುದಿಲ್ಲವೆಂಬ ಭಯ. ಬಿಲಾಲರ(ರ) ಹೆಸರಿನಿಂದ ಹಾಡು ಆರಂಭಿಸುವ ಸಮಾಜದಲ್ಲೂ ಹೀಗಿತ್ತು. ಜಾತಿಯನ್ನು ಕಂಡು ಬೆಳೆದ ನಾವು ಇದನ್ನು ಓದಿ ಬೆರಗಾಗಬೇಕಿಲ್ಲ. ಆದರೆ ಹಾಡನ್ನು ಮೆಚ್ಚಿ ಹಾಡಿದವನನ್ನು ದೂರವಿಡುವ ಈ ರೋಗಕ್ಕೆ ಧರ್ಮದ ಬೋಧನೆಯೊಂದೇ ಮದ್ದಾಗಿಲ್ಲ ಎಂಬುದನ್ನು ಒಪ್ಪಲೇಬೇಕು.

ಈ ಗೋಡೆಗಳು ಈಗ ಅಲ್ಲಲ್ಲಿ ಬಿರುಕು ಬಿಡುತ್ತಿವೆ. ಕೋರಾ ಗಂಡಸರ ವಾದ್ಯ, ಹೆಂಗಸರು ಹಾಡಬೇಕು ಎಂಬುದು ಹಳೆಯ ನಿಯಮ. ಗ್ಯಾಂಬಿಯಾ ಮೂಲದ ಗ್ರಿಯೋ ಮನೆತನದ ಸೋನಾ ಜೊಬಾರ್ಟೆ ಇಂದು ಜಗತ್ತಿನ ವೇದಿಕೆಗಳಲ್ಲಿ ಕೋರಾ ನುಡಿಸುತ್ತಾರೆ, ತಮ್ಮ ನಾಡಿನಲ್ಲಿ ಮಕ್ಕಳಿಗಾಗಿ ಶಾಲೆ ನಡೆಸುತ್ತಾರೆ. ಗ್ರಿಯೋ ಅಲ್ಲದ ಅಲಿ ಫರ್ಕಾ ಟೂರೆ ಮತ್ತು ಗ್ರಿಯೋ ತೂಮಾನಿ ಜೊತೆಗೂಡಿ ನುಡಿಸಿದ 2005ರ ಆಲ್ಬಮಿಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂತು.

2012ರಲ್ಲಿ ಉತ್ತರ ಮಾಲಿಯನ್ನು ವಶಪಡಿಸಿಕೊಂಡ ಸಶಸ್ತ್ರ ಗುಂಪುಗಳು ಧರ್ಮದ ಹೆಸರಿನಲ್ಲಿ ಸಂಗೀತವನ್ನೇ ನಿಷೇಧಿಸಿದವು. ಸಂಗೀತಗಾರರು ದಕ್ಷಿಣಕ್ಕೂ ನೆರೆ ದೇಶಗಳಿಗೂ ಓಡಬೇಕಾಯಿತು. ಮರುವರ್ಷದ ಆರಂಭದಲ್ಲಿ ಗಾಯಕಿ ಫತೂಮಾತಾ ಜವಾರಾ ನಲವತ್ತಕ್ಕೂ ಹೆಚ್ಚು ಕಲಾವಿದರನ್ನು ಬಮಾಕೊದಲ್ಲಿ ಸೇರಿಸಿ ಶಾಂತಿಗಾಗಿ ಒಂದು ಹಾಡು ಮಾಡಿದರು. ಸಂಗೀತದ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಹಳೆಯದು, ಅದು ಚರ್ಚೆಯಾಗಲಿ. ಆದರೆ ಬಂದೂಕು ಹಿಡಿದವರು ಅಲ್ಲಿ ಮುಚ್ಚಲು ಹೊರಟದ್ದು ಶತಮಾನಗಳಿಂದ ಮುಸ್ಲಿಮರೇ ಕಾಯ್ದುಕೊಂಡು ಬಂದ ನೆನಪಿನ ಬಾಯಿಯನ್ನು.

ನೆನಪು ಕಾಯುವ ಇಂಥವರು ನಮಗೇನೂ ಹೊಸಬರಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ನಂತರ ಹೆಳವರು ಬರುತ್ತಾರೆ. ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಕಾಳುಕಡ್ಡಿ ಪಡೆದು ಹೋಗುತ್ತಾರೆ. ಹಾಗೆ ಹೇಳಿ ಹೋದ ಹೆಳವನ ಹೆಸರೇನು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರಿಸಬಲ್ಲೆವು?

ಇಂದು ಸೀಡಿಯೂ ಇಲ್ಲ, ಪುಸ್ತಿಕೆಯೂ ಇಲ್ಲ. ಫೋನಿನಲ್ಲಿ ‘ಆಫ್ರಿಕಾ ಸಂಗೀತ’ ಎಂದು ಹುಡುಕಿದರೆ ಹಾಡುಗಳು ತಾನಾಗಿ ಒಂದರ ಹಿಂದೊಂದು ಬರುತ್ತವೆ, ಹೆಸರು ಓದುವ ಮೊದಲೇ ಮುಂದಿನದು ಶುರುವಾಗಿರುತ್ತದೆ. ‘ತಮ್ಮಾ ತಮ್ಮಾ’ದ ಕಾಲದಲ್ಲಿ ಹೆಸರು ತಿಳಿಯಲು ದಾರಿಯಿರಲಿಲ್ಲ. ಈಗ ದಾರಿಯಿದೆ, ವ್ಯವಧಾನವಿಲ್ಲ. ನಾವು ಮೂವರು ಈಗಲೂ ಒಂದು ಹಾಡನ್ನು ಪರಸ್ಪರ ಕಳಿಸುವಾಗ ಹಾಡಿದವರು, ನುಡಿಸಿದವರು, ಅವರ ಊರು ಇಷ್ಟನ್ನು ಕೆಳಗೆ ಬರೆಯುತ್ತೇವೆ. ಮಕ್ಕಳಿಗೆ ಕೇಳಿಸುವಾಗಲೂ ಮೊದಲು ಹೆಸರು ಹೇಳುತ್ತೇವೆ, ಆಮೇಲೆ ಹಾಡು. ಗ್ರಿಯೋ ಎದುರಿಗೆ ಕುಳಿತು ಕೇಳಿದವನು ಬರಿಗೈಯಲ್ಲಿ ಎದ್ದು ಹೋಗುವಂತಿಲ್ಲ. ಇಷ್ಟು ದೂರದಲ್ಲಿ ಕುಳಿತು ಕೇಳುವ ನಮ್ಮ ಕೈಯಲ್ಲಿ ಕೊಡಲಿಕ್ಕೆ ಇರುವುದು ಅವರ ಹೆಸರನ್ನು ನೆನಪಿಡುವ ಈ ಸಣ್ಣ ಕೆಲಸ ಮಾತ್ರ.