ಸವೆಯುವ ಕಿವಿಗೆ ಐದು ಆಲ್ಬಂ

ಪಟ್ಟಿ ಮಾಡುವ ಚಟ ಯಾರಿಗಿಲ್ಲ ಹೇಳಿ? ಕ್ರಿಕೆಟ್ ಪ್ರಿಯರು ಸಾರ್ವಕಾಲಿಕ ಹನ್ನೊಂದರ ತಂಡ ಕಟ್ಟುತ್ತಾರೆ. ತಿಂಡಿಪ್ರಿಯರು ಯಾವ ಹೋಟೆಲಿನ ಮಸಾಲೆದೋಸೆ ಮೊದಲು ಎಂದು ಜಗಳವಾಡುತ್ತಾರೆ. ನನ್ನದು ಎಲೆಕ್ಟ್ರಾನಿಕ್ ಸಂಗೀತದ ಪಟ್ಟಿ. ನಮ್ಮ ಮನೆಯವರ ಭಾಷೆಯಲ್ಲಿ 'ಮಿಕ್ಸಿ ಸಂಗೀತ'ದ ಪಟ್ಟಿ. ಮೂವತ್ತು ವರ್ಷ ಮನಸ್ಸಿನಲ್ಲೇ ಏರಿಳಿಯುತ್ತಿದ್ದ ಇದನ್ನು ಈಗ ಕಾಗದಕ್ಕೆ ಇಳಿಸುವಂತೆ ಮಾಡಿದ್ದು ಕಿವಿಯ ಪರೀಕ್ಷೆ. ಅಲ್ಲಿ ಕೊಟ್ಟ ಆಡಿಯೋಗ್ರಾಂನ ಗೆರೆ 3000 ಹರ್ಟ್ಸ್‌ವರೆಗೆ ಸಭ್ಯವಾಗಿ ನಡೆದು ಬಂದು, ಆಮೇಲೆ ಘಟ್ಟ ಇಳಿದಂತೆ ಇಳಿದುಬಿಟ್ಟಿದೆ. ಒಳಗಿವಿಯ ಶಂಖದಾಕಾರದ ಸುರುಳಿಯಲ್ಲಿ ತಾರಸ್ವರ ಹಿಡಿಯುವ ರೋಮಕೋಶಗಳು ಬಾಗಿಲ ಹತ್ತಿರವೇ ಇರುತ್ತವಂತೆ. ಮೊದಲು ಸಾಯುವುದೂ ಅವೇ. ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇನ್ನು ಹತ್ತು ವರ್ಷಕ್ಕೆ ಇವೇ ಆಲ್ಬಂಗಳು ನನ್ನ ಪಾಲಿಗೆ ಬೇರೆ ಆಲ್ಬಂಗಳಾಗಿರುತ್ತವೆ. ಆದ್ದರಿಂದ ಪಟ್ಟಿ ಈಗಲೇ ಆಗಬೇಕು.

'ಯಂತ್ರದ್ದೂ ಒಂದು ಸಂಗೀತವೇ?' ಎನ್ನುವವರಿಗೆ ಒಂದು ಮಾತು. ಮುಂದಿನ ಕಚೇರಿಯಲ್ಲಿ ಗಾಯಕರ ಪಕ್ಕದಲ್ಲಿರುವ ಪುಟ್ಟ ಪೆಟ್ಟಿಗೆಯನ್ನು ಗಮನಿಸಿ. ಬೆಂಗಳೂರಿನ ರಾಡೆಲ್ ಕಂಪನಿಯಂಥವರು ಮಾಡಿದ ಎಲೆಕ್ಟ್ರಾನಿಕ್ ತಂಬೂರಿ ಅದು. ಅದರ ಶ್ರುತಿಗೆ ನಾವು ತಲೆದೂಗುತ್ತಲೇ ಬಂದಿದ್ದೇವೆ.

ಐದನೆಯ ಸ್ಥಾನ ವೆಂಡಿ ಕಾರ್ಲೋಸ್ ಅವರ 'ಸ್ವಿಚ್ಡ್ ಆನ್ ಬಾಕ್'ಗೆ (1968). ಅಂದಿನ ಮೂಗ್ ಸಿಂಥಸೈಜರ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು, ಅದೂ ಪದೇ ಪದೇ ಶ್ರುತಿ ತಪ್ಪುತ್ತಿತ್ತು. ಹಾಗಾಗಿ ಬಾಕ್‌ನ ಕೃತಿಯ ಒಂದೊಂದೇ ಎಳೆಯನ್ನು ಬೇರೆ ಬೇರೆಯಾಗಿ ಟೇಪಿಗೆ ಹಾಕಿ, ಕೊನೆಗೆ ಜಡೆ ಹೆಣೆದಂತೆ ಹೆಣೆದರು. ಒಂದು ಕಾಲಕ್ಕೆ ನನ್ನ ಪಟ್ಟಿಯಲ್ಲಿ ಇದೇ ಎರಡನೆಯದು. ಅದರ ಮಿಂಚೆಲ್ಲ ಮೇಲಿನ ಸ್ವರಗಳಲ್ಲಿದೆ. ಈಗ ನನಗದು ಪಾಲಿಶ್ ಹೋದ ಹಿತ್ತಾಳೆಯಂತೆ ಕೇಳಿಸುತ್ತದೆ. ಕೆಳಗಿಳಿಯಿತು.

ನಾಲ್ಕನೆಯದು ಜರ್ಮನಿಯ ಡುಸೆಲ್‌ಡಾರ್ಫ್‌ನ ಕ್ರಾಫ್ಟ್‌ವರ್ಕ್ ತಂಡದ 'ಆಟೋಬಾನ್' (1974). ಕಾರಿನ ಬಾಗಿಲು ಹಾಕಿಕೊಳ್ಳುತ್ತದೆ, ಎಂಜಿನ್ ಗುರುಗುಟ್ಟುತ್ತದೆ, ಹಾರನ್ ಆಗುತ್ತದೆ. ಆಮೇಲೆ ರೆಕಾರ್ಡಿನ ಒಂದು ಮಗ್ಗುಲು ಪೂರ್ತಿ, 22 ನಿಮಿಷಕ್ಕೂ ಮೀರಿ, ಹೆದ್ದಾರಿಯ ಪ್ರಯಾಣ. ಯಂತ್ರದ ನಡುವೆ ಕೊಳಲೂ ಗಿಟಾರೂ ಇಣುಕುತ್ತವೆ. ಗುಂಡಿಯಿಲ್ಲದ ರಸ್ತೆ ಹೇಗಿರುತ್ತದೆಂದು ನಮ್ಮೂರಿನವನಾದ ನಾನು ತಿಳಿದದ್ದು ಇದರಿಂದಲೇ!

ಮೂರನೆಯದು ನಮ್ಮದೇ. ಹಿಂದಿ ಚಿತ್ರಗೀತೆಗಳಿಗೆ ವಾದ್ಯ ನುಡಿಸುತ್ತಿದ್ದ ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ಕೂರಿಸಿದರು: ತೋಡಿ, ಯಮನ್, ಮಾಲಕೌಂಸ್ ಹೀಗೆ. ಆಗ ಯಾರೂ ಕ್ಯಾರೆ ಅನ್ನಲಿಲ್ಲ. ಐದು ವರ್ಷದ ನಂತರ, 1987ರಲ್ಲಿ, ಶಿಕಾಗೋದ ಹುಡುಗರ 'ಆಸಿಡ್ ಟ್ರ್ಯಾಕ್ಸ್' ಬಂತು. ಅದರ ಬೇಸ್ ಯಂತ್ರವೂ ಇದೇ, ಟಿಬಿ-303. 2010ರಲ್ಲಿ ಸಿಂಗರ ಆಲ್ಬಂ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು. ಐದು ವರ್ಷ ಆ ಬೆರಗನ್ನು ಕಂಡು 2015ರಲ್ಲಿ ಅವರು ತೀರಿಕೊಂಡರು. ಆ ಬೇಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಮೀಂಡ್‌ನ ನೆರಳು ಕಾಣುತ್ತದೆ. ಅದು ನನಗಿನ್ನೂ ಸ್ಪಷ್ಟ. ಮೇಲೆ 'ಚಿಸ್ ಚಿಸ್' ಎನ್ನುವ ತಾಳದ ಸದ್ದು ಮಾತ್ರ ಮಂಕಾಗಿದೆ. 'ಅಪ್ಪಾ, ಇಷ್ಟು ಜೋರಾಗಿದೆಯಲ್ಲಾ!' ಎಂದು ಮಗಳು ಅದನ್ನು ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸುತ್ತಾಳೆ. ನಾನು ಅವಳ ಬೆರಳನ್ನು ನೋಡುತ್ತ ಯಮನ್ ಕೇಳುತ್ತೇನೆ.

ಎರಡನೆಯದು ಬ್ರಯನ್ ಈನೋ ಅವರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' (1978). ಇದರ ಒಂದು ಭಾಗದಲ್ಲಿ ಇರುವುದು ಬರಿಯ ಕಂಠ. ಒಂದೊಂದು ಸ್ವರಕ್ಕೂ ಒಂದೊಂದು ಅಳತೆಯ ಟೇಪಿನ ಉಂಗುರ. ಒಂದು ಇಪ್ಪತ್ತಮೂರೂವರೆ ಸೆಕೆಂಡಿಗೊಮ್ಮೆ ಮರಳಿದರೆ, ಇನ್ನೊಂದು ಹತ್ತಿರ ಹತ್ತಿರ 26ಕ್ಕೆ, ಮತ್ತೊಂದು 30ಕ್ಕೆ. ಅವು ಮತ್ತೆ ಅದೇ ಸಾಲಿನಲ್ಲಿ ಕೂಡಲು ಎಷ್ಟೋ ಹೊತ್ತು ಬೇಕು. ಸಂಜೆ ಮನೆಗೆ ಮರಳುವ ದನಗಳ ಕೊರಳಗಂಟೆಯನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಗಂಟೆಗೂ ಅದರದೇ ನಡಿಗೆ, ಒಟ್ಟಿಗೆ ಕೇಳಿದಾಗ ಅದೇ ಸಂಗೀತ. ಅವಸರವಿಲ್ಲದ ಈ ಸ್ವರಗಳು ನನಗಿನ್ನೂ ಬಹುಕಾಲ ಉಳಿಯುತ್ತವೆ ಎಂಬ ಸ್ವಾರ್ಥವೂ ಈ ಸ್ಥಾನದ ಹಿಂದೆ ಇದೆ.

ಒಂದನೆಯದು ವಿಲಿಯಂ ಬಸಿನ್‌ಸ್ಕಿ ಅವರ 'ಡಿಸ್‌ಇಂಟಿಗ್ರೇಷನ್ ಲೂಪ್ಸ್'. ಹಿಂದೆಂದೋ ಮಾಡಿಟ್ಟ ಟೇಪಿನ ಉಂಗುರಗಳನ್ನು ಅವರು 2001ರಲ್ಲಿ ಡಿಜಿಟಲ್ ರೂಪಕ್ಕೆ ತರಲು ಹೊರಟರು. ಟೇಪು ಒಂದೊಂದು ಸುತ್ತು ತಿರುಗಿದಂತೆಯೂ ಅದರ ಮೇಲಿನ ಕಬ್ಬಿಣದ ಆಕ್ಸೈಡ್ ಪುಡಿ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ. ಟೇಪು ಸಾಯುವುದನ್ನೇ ರೆಕಾರ್ಡ್ ಮಾಡಿದರು. ಆ ವರ್ಷ ಸೆಪ್ಟೆಂಬರ್ 11ರ ಸಂಜೆ ಬ್ರೂಕ್ಲಿನ್‌ನ ತಮ್ಮ ಮನೆಯ ಛಾವಣಿಯಿಂದ ಅವರು ಹೊಗೆಯನ್ನು ಚಿತ್ರೀಕರಿಸಿದರು. ಮುಂದೆ ಆಲ್ಬಂಗಳ ಮುಖಪುಟಕ್ಕೆ ಬಂದದ್ದು ಆ ಚಿತ್ರಗಳೇ.

ನಮ್ಮ ಕಾಲದವರು ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದೆವು. ಹತ್ತಿಗೆ ಹತ್ತುತ್ತಿದ್ದ ಆ ಕಂದು ಪುಡಿ ಕೊಳೆಯಷ್ಟೇ ಅಲ್ಲ, ಸ್ವಲ್ಪ ಹಾಡೂ ಹೌದು. ಕೇಳಿದಷ್ಟೂ ಸವೆಯುವುದು ಕ್ಯಾಸೆಟ್ಟಿನ ಜಾತಕ. ಕಿವಿಯದ್ದೂ ಅದೇ ಜಾತಕ ಎಂದು ಈಗ ಗೊತ್ತಾಗಿದೆ. ಈ ಆಲ್ಬಂನ ಮೊದಲ ಭಾಗ ಒಂದು ಗಂಟೆಗೂ ಮೀರಿದ್ದು. ತುತ್ತೂರಿಯಂಥ ಒಂದು ಸಣ್ಣ ಸ್ವರಗುಚ್ಛ ಮರಳಿ ಮರಳಿ ಬರುತ್ತದೆ. ಪ್ರತಿ ಸಲ ಒಂದಿಷ್ಟು ಕಡಿಮೆಯಾಗಿ, ನಡುನಡುವೆ ಮೌನ ಸೇರಿಸಿಕೊಂಡು. ಇಲ್ಲಿ ನಾನೂ ಎಳೆಯ ಕಿವಿಯ ಮಗಳೂ ಸಮಸಮ. ಕಳೆದುಹೋದದ್ದು ಅವಳಿಗೂ ಕೇಳಿಸುವುದಿಲ್ಲ.

ಮೊನ್ನೆ ರಾತ್ರಿ ಇದನ್ನು ಹಾಕಿದಾಗ ಹೆಂಡತಿ ಅಡುಗೆಮನೆಯಿಂದ ಬಂದು, 'ಯಾಕೋ ಕೆಟ್ಟಿರೋ ಹಾಗಿದೆ, ನಿಲ್ಲಿಸಿ' ಎಂದಳು. 'ಕೆಡ್ತಾ ಇರೋದೇ ಹಾಡು ಕಣೇ' ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕುರ್ಚಿಯ ತುದಿಯಲ್ಲಿ ಕುಳಿತಳು. ಮುಗಿಯುವವರೆಗೂ ಏಳಲಿಲ್ಲ.