ಊಟದ ಮೇಜಿನ ಮೇಲೆ ಟೈಟಾನಿಕ್

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿಗೆ ಹೋಗಲಿ, ಚೆನ್ನೈಗೆ ಹೋಗಲಿ, ಕಡಲು ನೋಡಬೇಕಾದರೆ ರಾತ್ರಿ ಬಸ್ಸೋ ರೈಲೋ ಹಿಡಿಯಬೇಕು. ಯಲಹಂಕದವರಾದ ನಮಗೆ ನೀರೆಂದರೆ ಕೆರೆ, ಇಲ್ಲವೇ ಟ್ಯಾಂಕರ್. ಇಂಥ ಊರಿನಲ್ಲಿ ಹಡಗು ಕಟ್ಟುವವರು ಯಾರಾದರೂ ಇದ್ದರೆ ಅವರು ನಮ್ಮ ಹಾಗೆ ಊಟದ ಮೇಜಿನ ಮೇಲೇ ಕಟ್ಟಬೇಕು.

ಹಡಗು ಟೈಟಾನಿಕ್. ಡೆನ್ಮಾರ್ಕಿನ ಲೆಗೋ ಕಂಪನಿ 2021ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಿಟ್ಟ ಸೆಟ್ಟು. 9,090 ಚೂರುಗಳು. ಅಳತೆ ಒಂದಕ್ಕೆ ಇನ್ನೂರು. ಅಂದರೆ 269 ಮೀಟರ್ ಉದ್ದದ ಹಡಗು 135 ಸೆಂಟಿಮೀಟರಿಗೆ ಇಳಿದಿದೆ. ನಮ್ಮ ಮೇಜಿನ ಉದ್ದ ನಾಲ್ಕಡಿ. ಹಾಗಾಗಿ ಮುಗಿದ ಮೇಲೆ ಹಡಗಿನ ಮೂತಿ ಅಡುಗೆಮನೆಯ ಕಡೆಗೆ ಅರ್ಧ ಗೇಣಿನಷ್ಟು ಚಾಚಿಕೊಳ್ಳುವುದು ಮೊದಲೇ ಖಾತ್ರಿಯಾಗಿತ್ತು. ನೆದರ್ಲೆಂಡ್ಸಿನಲ್ಲಿರುವ ಅಕ್ಕ 2022ರ ಡಿಸೆಂಬರಿನಲ್ಲಿ ಬರುವಾಗ ಇದನ್ನು ಹೊತ್ತು ತಂದಳು. ಅವಳ ಲಗೇಜಿನಲ್ಲಿ ಚಾಕೊಲೇಟಿಗೆ ಜಾಗವೇ ಉಳಿದಿರಲಿಲ್ಲವೆಂದು ಅಮ್ಮನಿಗೆ ಇವತ್ತಿಗೂ ಬೇಸರ.

ತಂದದ್ದು ಅಪ್ಪನಿಗಾಗಿ. ಆ ವರ್ಷದ ಮೊದಲಲ್ಲಿ ಅವರಿಗೆ ಸ್ಟ್ರೋಕ್ ಆಗಿತ್ತು. ಮಾತು ಉಳಿಯಿತು, ನಡಿಗೆ ಮೆಲ್ಲಗೆ ವಾಪಸು ಬಂತು, ಬಲಗೈ ಮಾತ್ರ ಬರಲಿಲ್ಲ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ, ‘ಅಂಕಲ್, ಸಣ್ಣ ಸಣ್ಣ ವಸ್ತು ಹಿಡಿಯೋದು, ಒತ್ತೋದು ಮಾಡ್ತಾ ಇರಿ’ ಎಂದು ಹೇಳಿಹೋದಳು. ಅಮ್ಮ ತಡಮಾಡಲಿಲ್ಲ. ಅವರೆಕಾಯಿ ಕಾಲ ಬಂದದ್ದೇ ನೆನೆಸಿದ ಕಾಳಿನ ಬೋಗುಣಿಯನ್ನು ಅಪ್ಪನ ಮುಂದಿಟ್ಟರು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತಕಿದರೆ ಬೇಳೆ ಪುಳಕ್ಕನೆ ಹೊರಗೆ. ಬೆಂಗಳೂರು, ಕೋಲಾರದ ಕಡೆಯ ಹೆಂಗಸರು ತಲೆಮಾರುಗಳಿಂದ ಮಾಡುತ್ತಿರುವ ಈ ಕೆಲಸಕ್ಕಿಂತ ಒಳ್ಳೆಯ ವ್ಯಾಯಾಮ ಯಾವ ಆಸ್ಪತ್ರೆಯಲ್ಲೂ ಇಲ್ಲವೆಂದು ನನಗೆ ಈಗಲೂ ಅನ್ನಿಸುತ್ತದೆ. ಅಪ್ಪ ಮೂರು ದಿನ ಹಿತಕಿದರು. ನಾಲ್ಕನೆಯ ದಿನ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, ‘ಇದರಲ್ಲಿ ಕೊನೆಗೆ ಏನೂ ನಿಲ್ಲೋದಿಲ್ಲ’ ಅಂದರು. ಸಾರು ನಿಲ್ಲುತ್ತದಲ್ಲ ಎಂದು ಅಮ್ಮ ವಾದಿಸಿದರು. ಅವರ ಅರ್ಥ ಬೇರೆ ಇತ್ತು.

ಅಪ್ಪ ಕೆಲಸ ಮಾಡಿದ್ದು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ. 1984ರಲ್ಲಿ ಉದ್ಘಾಟನೆಯಾದಾಗ ಅದರ ಹೆಸರು ವೀಲ್ ಅಂಡ್ ಆಕ್ಸಲ್ ಪ್ಲಾಂಟ್. ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿಗೆ ಏರಿಸಿ ಅಲ್ಲಿ ಗಾಲಿ ಎರಕ ಹೊಯ್ಯುತ್ತಾರೆ. ಅಪ್ಪ ಇದ್ದದ್ದು ಅದರ ಮುಂದಿನ ಹಂತದಲ್ಲಿ, ಗಾಲಿಯನ್ನು ಆಕ್ಸಲ್‌ಗೆ ಕೂರಿಸುವ ಕಡೆ. ರೈಲಿನ ಗಾಲಿಗೂ ಆಕ್ಸಲ್‌ಗೂ ನಡುವೆ ಬೆಸುಗೆಯಿಲ್ಲ, ನಟ್ಟಿಲ್ಲ, ಬೋಲ್ಟಿಲ್ಲ. ಆಕ್ಸಲ್‌ನ ದಪ್ಪಕ್ಕಿಂತ ಗಾಲಿಯ ತೂತನ್ನು ಕೂದಲೆಳೆಯಷ್ಟು ಕಿರಿದಾಗಿ ಕೊರೆದು, ಟನ್ನುಗಟ್ಟಲೆ ಒತ್ತಡ ಹಾಕಿ ಒಳಕ್ಕೆ ತಳ್ಳುತ್ತಾರೆ. ಆಮೇಲೆ ಎರಡನ್ನೂ ಹಿಡಿದಿಡುವುದು ಆ ಬಿಗಿಯೊಂದೇ. ನಾವು ಮಲಗಿಕೊಂಡು ಹುಬ್ಬಳ್ಳಿಗೆ ಹೋಗುವಾಗ ನಮ್ಮ ಕೆಳಗಿರುವುದು ಇಂಥ ಬಿಗಿಗಳೇ.

ಇದನ್ನು ನಾನು ತಿಳಿದದ್ದು ಮಗಳಾಗಿ ಹುಟ್ಟಿ ಮೂವತ್ತೈದು ವರ್ಷವಾದ ಮೇಲೆ, ಸಂಕ್ರಾಂತಿ ಕಳೆದ ವಾರ, ಮೊದಲ ಲಕೋಟೆ ಒಡೆದಾಗ. ಅಪ್ಪ ಎರಡು ಕಪ್ಪು ಇಟ್ಟಿಗೆಗಳನ್ನು ಎಡಗೈಯಿಂದ ಒಂದರ ಮೇಲೊಂದು ಒತ್ತಿ, ಬಿಡಿಸಿ, ಮತ್ತೆ ಒತ್ತಿದರು. ಒಳಗಿನ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಇದು ನಮ್ಮದೇ ಲೆಕ್ಕ’ ಅಂದರು.

ನಿಜ, ಅದೇ ಲೆಕ್ಕ. ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ್ದೇ ಮುಂದೆ ಲೆಗೋ ಆಯಿತು. ಮೊದಮೊದಲಿನ ಪ್ಲಾಸ್ಟಿಕ್ ಇಟ್ಟಿಗೆಗಳ ಹೊಟ್ಟೆ ಟೊಳ್ಳು. ಕಟ್ಟಿದ್ದು ಸುಲಭವಾಗಿ ಕಳಚಿಕೊಳ್ಳುತ್ತಿತ್ತು. ಹೊಟ್ಟೆಯೊಳಗೆ ಕೊಳವೆ ಕೂರಿಸುವ ಉಪಾಯಕ್ಕೆ 1958ರ ಜನವರಿ 28ರಂದು ಪೇಟೆಂಟ್ ಅರ್ಜಿ ಹಾಕಿದರು. ಮೇಲಿನ ಗುಬಟು ಕೆಳಗಿನ ಕೊಳವೆ ಮತ್ತು ಗೋಡೆಗಳ ನಡುವೆ ಇಕ್ಕಟ್ಟಿಗೆ ಸಿಕ್ಕಿ ನಿಲ್ಲುತ್ತದೆ. ಮಗು ಬಿಚ್ಚುವಷ್ಟು ಸಡಿಲ, ತಾನಾಗಿ ಬೀಳದಷ್ಟು ಬಿಗಿ. ಅಂದಿನ ಇಟ್ಟಿಗೆಗೆ ಇಂದಿನದು ಕೂರಬೇಕೆಂದರೆ ಅಚ್ಚುಗಳು ಎಷ್ಟು ಕರಾರುವಾಕ್ಕಾಗಿರಬೇಕು! ಇಟ್ಟಿಗೆಯ ಒಳಮೈಯಲ್ಲಿ ಅಚ್ಚಿನ ಪುಟ್ಟ ಸಂಖ್ಯೆಯೂ ಇರುತ್ತದೆ. ಅಪ್ಪ ಭೂತಗನ್ನಡಿ ತರಿಸಿಕೊಂಡು ಒಂದು ಸಂಜೆಯೆಲ್ಲ ಅದನ್ನೇ ಓದುತ್ತ ಕೂತರು. ಗಾಲಿಗೂ ಹೀಗೇ ಸಂಖ್ಯೆ ಹೊಡೆಯುತ್ತಾರಂತೆ. ಎಲ್ಲಿಯಾದರೂ ಗಾಲಿ ಒಡೆದರೆ ಅದು ಯಾವ ಎರಕದ್ದೆಂದು ಹುಡುಕಿ ಹಿಡಿಯಲು.

ಆದರೆ ಲೆಕ್ಕ ಗೊತ್ತಿದ್ದರೆ ಕೈ ಕೇಳಬೇಕಲ್ಲ. ಅಷ್ಟು ವರ್ಷ ಟನ್ನುಗಟ್ಟಲೆ ಒತ್ತಡದ ಯಂತ್ರ ನಡೆಸಿದವರಿಗೆ ಬಟಾಣಿಗಿಂತ ದೊಡ್ಡದಲ್ಲದ ಒಂದು ಚೂರನ್ನು ಒತ್ತಲಾಗುತ್ತಿರಲಿಲ್ಲ. ಬೆರಳು ಗುರಿ ಮುಟ್ಟುವ ಮೊದಲೇ ಪಕ್ಕಕ್ಕೆ ಸರಿಯುತ್ತಿತ್ತು. ಚೂರು ಹಾರಿ ಫ್ರಿಜ್ಜಿನ ಕೆಳಗೆ. ನಾನು ಸಹಾಯಕ್ಕೆ ಕೈ ಚಾಚಿದರೆ ‘ನೀನು ಬಿಡಮ್ಮ’ ಎಂಬ ಗದರಿಕೆ. ಕೊನೆಗೆ ಕೆಲಸ ಹಂಚಿಕೊಂಡೆವು. ಬಣ್ಣ, ಆಕಾರ ನೋಡಿ ಬೇರೆ ಮಾಡುವುದು ಅವರದು, ಎಡಗೈಯಲ್ಲಿ. ಮನೆಯ ಸ್ಟೀಲ್ ತಟ್ಟೆ, ಟಿಫನ್ ಡಬ್ಬಿಯ ಮುಚ್ಚಳ, ಕುಂಕುಮದ ಬಟ್ಟಲು ಎಲ್ಲವೂ ಹಡಗುಕಟ್ಟೆಯ ಪಾಲಾದವು. ಕಟ್ಟುವುದು ನಾನು, ಆಫೀಸು ಮುಗಿದ ಮೇಲೆ; ಹೆಬ್ಬಾಳದ ಫ್ಲೈಓವರ್ ಬೇಗ ಬಿಟ್ಟುಕೊಟ್ಟ ದಿನ ಎಂಟಕ್ಕೆ, ಇಲ್ಲದಿದ್ದರೆ ಒಂಬತ್ತಕ್ಕೆ. ಪ್ರತಿ ಪುಟದಲ್ಲೂ ಕಡೆಯ ಒಂದು ಚೂರನ್ನು ಅವರು ಬಲಗೈಯಿಂದ ಒತ್ತಬೇಕು. ಒತ್ತುವವರೆಗೂ ಪುಟ ತಿರುಗಿಸುವ ಹಾಗಿಲ್ಲ. ಕೆಲವು ಪುಟಕ್ಕೆ ಹತ್ತು ನಿಮಿಷ ಕಾದಿದ್ದೇವೆ.

ಫೆಬ್ರುವರಿಯಲ್ಲಿ ಏರ್ ಶೋ ಬಂತು. ವಾಯುನೆಲೆ ನಮಗೆ ಹತ್ತಿರ. ಅಭ್ಯಾಸದ ದಿನಗಳಿಂದಲೇ ತಾರಸಿಯ ಮೇಲೆ ಆಕಾಶ ಹರಿಯುವ ಸದ್ದು. ಕಿಟಕಿಯ ಗಾಜಿನ ಜೊತೆ ತಟ್ಟೆಗಳಲ್ಲಿದ್ದ ಚೂರುಗಳೂ ಗಿಲಿಗಿಲಿ ಅನ್ನುತ್ತಿದ್ದವು. ಪಕ್ಕದ ಮನೆಯ ಮಕ್ಕಳೆಲ್ಲ ವಿಮಾನ ನೋಡಲು ಮೇಲೆ ಹತ್ತಿದರೆ ಅಪ್ಪ ಕೆಳಗೆ ಕೂತು ಬಾಯ್ಲರ್ ಕೋಣೆ ನೋಡುತ್ತಿದ್ದರು.

ಈ ಮಾದರಿ ಮೂರು ತುಂಡಾಗಿ ಬಿಡಿಸಿಕೊಳ್ಳುತ್ತದೆ. ಒಳಗನ್ನು ಸೀಳಿ ನೋಡಬಹುದು. ಬಂದ ನೆಂಟರೆಲ್ಲ ಮೊದಲು ಹುಡುಕುವುದು ಸಿನಿಮಾದಲ್ಲಿ ನೋಡಿದ ಆ ದೊಡ್ಡ ಮೆಟ್ಟಿಲನ್ನು. ಅದು ಇದೆ, ಚೆಂದವಾಗಿಯೇ ಇದೆ. ಅಪ್ಪನಿಗೆ ಮೆಟ್ಟಿಲು ಬೇಡ. ಹಿಂದಿನ ಪ್ರೊಪೆಲರ್ ತಿರುಗಿಸಿದರೆ ಒಳಗೆ ಇಂಜಿನ್ನಿನ ಪಿಸ್ಟನ್‌ಗಳು ಮೇಲೆ ಕೆಳಗೆ ಆಡುತ್ತವೆ, ಅದು ಬೇಕು. ಅವರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನಾನು ರಾತ್ರಿ ಓದತೊಡಗಿದೆ. ಹಡಗಿನಲ್ಲಿ 29 ಬಾಯ್ಲರ್, 159 ಒಲೆ. ದಿನಕ್ಕೆ 600 ಟನ್ನಿನಷ್ಟು ಕಲ್ಲಿದ್ದಲು, ಎಲ್ಲವೂ ಸಲಿಕೆಯಲ್ಲಿ. ನಾಲ್ಕು ಹೊಗೆಕೊಳವೆಗಳಲ್ಲಿ ಕಡೆಯದು ಒಲೆಗಳ ಹೊಗೆಗಾಗಿ ಇದ್ದದ್ದಲ್ಲ, ಮುಖ್ಯವಾಗಿ ಗಾಳಿಯಾಡಲು. ಒಡಲನ್ನು ಹಿಡಿದಿದ್ದದ್ದು ಸುಮಾರು ಮೂವತ್ತು ಲಕ್ಷ ರಿವೆಟ್. 1912ರ ಏಪ್ರಿಲ್ 14ರ ರಾತ್ರಿ 11.40ಕ್ಕೆ ನೀರ್ಗಲ್ಲಿಗೆ ತಾಗಿ, ಮುಳುಗಿದ್ದು 2.20ಕ್ಕೆ. ಇಂಜಿನಿಯರುಗಳಲ್ಲಿ ಒಬ್ಬರೂ ಉಳಿಯಲಿಲ್ಲ. ಇದನ್ನು ಹೇಳಿದಾಗ ಅಪ್ಪ, ‘ದೀಪ ಕಡೇವರೆಗೂ ಉರೀತಿತ್ತು ಅಂದೆಯಲ್ಲ, ಮತ್ತೆ?’ ಅಂದರು. ದೀಪ ಉರಿಯುತ್ತಿದ್ದರೆ ಕೆಳಗೆ ಯಾರೋ ಇದ್ದಾರೆ ಎಂಬುದು ಪಾಳಿಯಲ್ಲಿ ದುಡಿದವರಿಗೆ ಬೇಗ ಹೊಳೆಯುತ್ತದೆ.

ಹೀಗೆ ಓದುವಾಗಲೇ ಗುಂಟೂರು ಸಿಕ್ಕಿತು. ಮೆಣಸಿನಕಾಯಿಯ ಗುಂಟೂರೇ. ಅಲ್ಲಿ ಮಿಷನರಿ ಮನೆಯಲ್ಲಿ ಹುಟ್ಟಿದ ರೂತ್ ಬೆಕರ್ ಎಂಬ ಹನ್ನೆರಡು ವರ್ಷದ ಹುಡುಗಿ, ತಮ್ಮನಿಗೆ ಕಾಯಿಲೆಯೆಂದು ತಾಯಿಯ ಜೊತೆ ಅಮೆರಿಕಕ್ಕೆ ಹೊರಟವಳು, ಎರಡನೆಯ ದರ್ಜೆಯಲ್ಲಿದ್ದಳು. ತಂದೆ ಇಂಡಿಯಾದಲ್ಲೇ ಉಳಿದಿದ್ದರು. ತಾಯಿ ಮತ್ತು ಚಿಕ್ಕವರಿಬ್ಬರು 11ನೆಯ ದೋಣಿಯಲ್ಲಿ, ಇವಳೊಬ್ಬಳು 13ನೆಯದರಲ್ಲಿ. ಎಲ್ಲರೂ ಬದುಕಿದರು. ಈಗಿನ ಛತ್ತೀಸಗಡದ ಜಾಂಜಗೀರಿನಿಂದ, ತಾಯಿಗೆ ಹುಷಾರಿಲ್ಲವೆಂದು ಹೊರಟಿದ್ದ ಆನಿ ಫಂಕ್ ಹಡಗಿನಲ್ಲೇ ಮೂವತ್ತೆಂಟು ತುಂಬಿಸಿಕೊಂಡು, ಮೂರು ದಿನಕ್ಕೆ ತೀರಿಕೊಂಡರು. ಇದ್ದ ದೋಣಿ ಇಪ್ಪತ್ತು, ಹಿಡಿಸುವ ಜನ 1,178. ಹಡಗಿನಲ್ಲಿದ್ದವರು ಸುಮಾರು 2,200. ಆಗಿನ ಕಾನೂನು ಕೇಳಿದ್ದಕ್ಕಿಂತ ನಾಲ್ಕು ದೋಣಿ ಹೆಚ್ಚೇ ಇತ್ತು ಎಂಬುದು ಇನ್ನೊಂದು ವಿಚಿತ್ರ. ಕಾನೂನು ನೋಡುತ್ತಿದ್ದದ್ದು ಹಡಗಿನ ಗಾತ್ರವನ್ನು, ತಲೆಗಳನ್ನಲ್ಲ. ಮೊದಲ ದರ್ಜೆಯಲ್ಲಿ ಹತ್ತಕ್ಕೆ ಆರು ಮಂದಿ ಉಳಿದರೆ ಮೂರನೆಯ ದರ್ಜೆಯಲ್ಲಿ ನಾಲ್ವರಲ್ಲಿ ಒಬ್ಬರು.

ಮಾರ್ಚ್ ಕಡೆಯಲ್ಲಿ ಹಡಗು ಮುಗಿಯಿತು. ಅಕ್ಕ ವಿಡಿಯೋ ಕಾಲಿನಲ್ಲಿ ಚಪ್ಪಾಳೆ ತಟ್ಟಿದಳು. ಅಪ್ಪ ಮೂರು ತುಂಡನ್ನೂ ಬಿಡಿಸಿ, ಒಳಗೆಲ್ಲ ಕಣ್ಣಾಡಿಸಿ, ‘ಜನ ಎಲ್ಲಮ್ಮ?’ ಅಂತ ಕೇಳಿದರು.

ಜನ ಇಲ್ಲ. ಬೆಂಚಿದೆ, ಕ್ರೇನಿದೆ, ಮೇಲೆತ್ತಬಹುದಾದ ಲಂಗರಿದೆ, ಒಬ್ಬ ಮನುಷ್ಯನೂ ಇಲ್ಲ. ಆ ಅಳತೆಗೆ ಲೆಗೋದ ಹಳದಿ ಮುಖದ ಗೊಂಬೆ ರಾಕ್ಷಸನಾಗುತ್ತದೆ, ಅದಕ್ಕೇ ಇಟ್ಟಿಲ್ಲ ಎಂದೆ. ಸರಿಯಾದ ಅಳತೆಯಲ್ಲಿ ಎಷ್ಟಾಗುತ್ತದೆ ಎಂದರು. ಲೆಕ್ಕ ಹಾಕಿದೆವು. ಐದು ಮುಕ್ಕಾಲಡಿ ಆಳನ್ನು ಇನ್ನೂರರಿಂದ ಭಾಗಿಸಿದರೆ ಒಂಬತ್ತು ಮಿಲಿಮೀಟರಿಗೆ ಒಂದಿಷ್ಟು ಕಡಿಮೆ. ಲೆಗೋದ ತೆಳು ಬಿಲ್ಲೆ 3.2 ಮಿಲಿಮೀಟರ್ ದಪ್ಪ. ಮೂರು ಬಿಲ್ಲೆ ಒಂದರ ಮೇಲೊಂದು ಇಟ್ಟರೆ ಒಬ್ಬ ಮನುಷ್ಯ, ಕೊಂಚ ಎತ್ತರದ ಆಳು. ಯಾವ ಸೆಟ್ಟಿನಲ್ಲೂ ಅತಿ ಸಣ್ಣ ಚೂರುಗಳು ಒಂದೆರಡು ಹೆಚ್ಚಿಗೆ ಬಂದಿರುತ್ತವೆ. ಕುಂಕುಮದ ಬಟ್ಟಲಿನಲ್ಲಿ ಅವು ಉಳಿದಿದ್ದವು. ಅಪ್ಪ ಬಲಗೈಯಲ್ಲೇ ಶುರುಮಾಡಿದರು. ಮೊದಲ ಮನುಷ್ಯನಿಗೆ ಒಂದು ಮಧ್ಯಾಹ್ನ ಹಿಡಿಯಿತು. ಇದ್ದ ಬಿಲ್ಲೆಗಳಲ್ಲಿ ಹನ್ನೊಂದು ಜನ ಆದರು. ಒಬ್ಬರನ್ನೂ ಮೇಲಿನ ಡೆಕ್ಕಿನಲ್ಲಿ ನಿಲ್ಲಿಸಲಿಲ್ಲ. ಎಲ್ಲರನ್ನೂ ಬಾಯ್ಲರ್ ಮುಂದೆ ನಿಲ್ಲಿಸಿದರು.

ಜೂನಿನಲ್ಲಿ ಟಿವಿ ತುಂಬ ಮತ್ತೆ ಟೈಟಾನಿಕ್. ಅವಶೇಷ ನೋಡಲು ಇಳಿದ ಟೈಟನ್ ಎಂಬ ಜಲಾಂತರ ನೌಕೆ ಕಾಣೆಯಾಗಿತ್ತು, ಒಳಗೆ ಐದು ಮಂದಿ. ಎಷ್ಟು ಗಂಟೆಯ ಆಮ್ಲಜನಕ ಉಳಿದಿದೆ ಎಂದು ಚಾನೆಲ್ಲುಗಳು ಗಡಿಯಾರ ಹಾಕಿ ತೋರಿಸಿದವು. ಅದಕ್ಕೆ ನಾಲ್ಕು ದಿನ ಮೊದಲು, ಜೂನ್ 14ರಂದು, ಗ್ರೀಸ್ ಕರಾವಳಿಯಾಚೆ ಆಡ್ರಿಯಾನಾ ಎಂಬ ಮೀನುದೋಣಿ ಮುಳುಗಿತ್ತು. ವಲಸೆ ಹೊರಟಿದ್ದ ಪಾಕಿಸ್ತಾನ, ಈಜಿಪ್ಟ್, ಸಿರಿಯಾದ ಜನ, 750ರವರೆಗೂ ಇದ್ದರೆಂದು ಅಂದಾಜು. ಬದುಕಿದವರು 104. ಅದಕ್ಕೆ ಗಡಿಯಾರವಿರಲಿಲ್ಲ. ಪತ್ರಿಕೆಯ ಒಳಪುಟದಲ್ಲಿ ಅದನ್ನು ಓದಿದ ಅಪ್ಪ ಕತ್ತರಿಸಿ ಇಡು ಎಂದರು. ಲೆಗೋದ ಮೂರು ಕೈಪಿಡಿಗಳ ಜೊತೆ ಆ ಕತ್ತರಿಕೆಯೂ ಇದೆ. ಅದರ ಬಗ್ಗೆ ನಾವು ಮತ್ತೆ ಮಾತಾಡಿಲ್ಲ.

ಹಡಗು ಈಗ ಟಿವಿ ಪಕ್ಕದ ಹಲಗೆಯ ಮೇಲಿದೆ. ಧೂಳು ಹೊಡೆಯಲು ಅಮ್ಮನ ಬಳಿ ಪೇಂಟ್ ಮಾಡುವ ಮೆತ್ತನೆಯ ಬ್ರಷ್ಷಿದೆ. ಭಾವ, ಕೈ ತಗುಲಿ ಬಿದ್ದರೆ ಕಷ್ಟ, ಅಂಟು ಹಾಕಿಬಿಡಿ ಎಂದು ಸಲಹೆ ಕೊಟ್ಟರು. ಅಪ್ಪ ಒಪ್ಪಲಿಲ್ಲ; ಬಿಚ್ಚಲು ಬಾರದ್ದನ್ನು ರಿಪೇರಿ ಮಾಡುವುದು ಹೇಗೆ ಎಂದು ಕೇಳಿದರು. ದಿನ ಬಿಟ್ಟು ದಿನ, ತಿಂಡಿಯಾದ ಮೇಲೆ, ಬಾಯ್ಲರುಗಳನ್ನೂ ಹನ್ನೊಂದು ಜನರನ್ನೂ ಕಳಚಿ ತಟ್ಟೆಗೆ ಹಾಕಿಕೊಂಡು ಬಲಗೈಯಿಂದ ಮತ್ತೆ ಕೂರಿಸುತ್ತಾರೆ. ಮೊದಮೊದಲು ಒಂದೂವರೆ ಗಂಟೆ ಬೇಕಿತ್ತು. ಹೋದ ಗುರುವಾರ ಐವತ್ತು ನಿಮಿಷ. ನಡುವೆ ಒಂದು ಬಿಲ್ಲೆ ಫ್ರಿಜ್ಜಿನ ಕೆಳಗೆ ಹೋಗಿದ್ದನ್ನು ಹುಡುಕಿದ ಸಮಯವೂ ಸೇರಿ.